ಕಾರು ಬಿಸಿಯಾಯ್ತಾ? ಮೊದಲು ‘ಯಾವಾಗ’ ಅಂತ ಕೇಳಿ

ಹೋದ ಮೇ ತಿಂಗಳಲ್ಲಿ ಧರ್ಮಸ್ಥಳಕ್ಕೆ ಹೋಗಿ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ನಮ್ಮ ಕಾರು ಕುದಿಯಿತು. ಅದು ಮೂರನೇ ಸಲ. ಮೊದಲ ಸಲ ಥರ್ಮೋಸ್ಟ್ಯಾಟ್ (ಇಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಬದಲಾಯಿಸಿದ್ದೆವು. ಎರಡನೇ ಸಲ ರೇಡಿಯೇಟರ್ ಫ್ಯಾನಿನ ಮೋಟಾರ್ ಹೊಸದು ಬಂತು, ರೇಡಿಯೇಟರ್ ಬಿಚ್ಚಿ ತೊಳೆಸಿದ್ದೂ ಆಯಿತು. ಎಲ್ಲ ಸೇರಿ ಆರು ಸಾವಿರ ಚಿಲ್ಲರೆ. ಮೂರನೇ ಸಲ ಹಿಂದಿನ ಸೀಟಿನಲ್ಲಿ ಅತ್ತೆ, ಅವರ ತೊಡೆ ಮೇಲೆ ಪ್ರಸಾದದ ಚೀಲ, ಮುಂದೆ ಬಾನೆಟ್ಟಿನ ಸಂದಿಯಿಂದ ಹಬೆ. ಕೊನೆಗೆ ಸಿಕ್ಕಿಬಿದ್ದ ಕಳ್ಳ ಯಾರು ಗೊತ್ತಾ? ಇನ್ನೂರು ರೂಪಾಯಿಯೂ ಆಗದ ರೇಡಿಯೇಟರ್ ಮುಚ್ಚಳ.

ನಾನು ಮೆಕ್ಯಾನಿಕ್ ಅಲ್ಲ. ಬಣಕಲ್ ಹತ್ತಿರ ನಮ್ಮದು ನಾಲ್ಕು ಎಕರೆ ಕಾಫಿ, ಮಧ್ಯೆ ಒಂದಿಷ್ಟು ಮೆಣಸು. ಪಂಪ್‌ಸೆಟ್, ಸ್ಪ್ರೇಯರ್, ಕಳೆ ಹೊಡೆಯುವ ಮಿಷನ್ ಇವುಗಳ ಜೊತೆ ಗುದ್ದಾಡಿ ಸ್ಪ್ಯಾನರ್ ಹಿಡಿಯುವುದು ಕಲಿತವಳು. ಕಾರು ಮೂರು ಸಿಲಿಂಡರಿನದು, 800 ಸಿಸಿ, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಇಲ್ಲಿ ಬರೆದಿರುವುದು ಅಂಥ ಸಣ್ಣ ಪೆಟ್ರೋಲ್ ಕಾರಿಗೆ ಹೊಂದುತ್ತದೆ. ಮುಚ್ಚಳ ರೇಡಿಯೇಟರ್ ಮೇಲೆಯೇ ಇದ್ದು, ಪಕ್ಕದಲ್ಲೊಂದು ಪ್ಲಾಸ್ಟಿಕ್ ಬಾಟಲಿ ಇರುತ್ತದಲ್ಲ, ಆ ಥರದ್ದು.

ಘಾಟಿಯಲ್ಲಿ ಸೂಜಿ ಏರಿದರೆ

ಇಂಜಿನ್ ಬಿಸಿ ತೋರಿಸುವ ಮೀಟರಿನ ಸೂಜಿ ಅರ್ಧ ದಾಟಿ ಮೇಲೇರುತ್ತಿದೆ ಅಂತ ಕಂಡ ಕೂಡಲೇ ಏಸಿ ಬಂದ್ ಮಾಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ, ಕಿಟಕಿ ಇಳಿಸಿ. ಬೇಸಿಗೆಯಲ್ಲಿ ಇದೆಂಥ ಹುಚ್ಚು ಅನಿಸುತ್ತದೆ. ಆದರೆ ಹೀಟರ್ ಅಂದರೆ ಡ್ಯಾಶ್‌ಬೋರ್ಡ್ ಒಳಗೆ ಕೂತಿರುವ ಇನ್ನೊಂದು ಪುಟ್ಟ ರೇಡಿಯೇಟರ್. ಇಂಜಿನ್ನಿನ ಬಿಸಿಯನ್ನೇ ಅದು ಒಳಗೆ ಬೀಸುವುದು. “ಏನೇ ಇದು, ನನ್ನನ್ನ ಬಚ್ಚಲ ಹಂಡೇಲಿ ಕೂರಿಸಿದ್ಯಾ?” ಅಂತ ಅತ್ತೆ ಸೆರಗು ಬೀಸಿಕೊಂಡರು. ಸೂಜಿ ಮಾತ್ರ ಒಂದು ಗೆರೆ ಇಳಿಯಿತು.

ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಇಂಜಿನ್ನನ್ನು ಏದುಸಿರು ಬಿಡಿಸಬೇಡಿ. ಎರಡನೇ ಗೇರಿಗೆ ಬನ್ನಿ. ಇಂಜಿನ್ ಚುರುಕಾಗಿ ತಿರುಗಿದರೆ ನೀರಿನ ಪಂಪೂ ಚುರುಕಾಗುತ್ತದೆ.

ಇಷ್ಟಾದರೂ ಸೂಜಿ ಕೆಂಪು ಮುಟ್ಟಿತಾ, ಅಥವಾ ಹಬೆ ಕಂಡಿತಾ? ಇನ್ನೊಂದು ತಿರುವು ದಾಟಿಬಿಡೋಣ ಅನ್ನಬೇಡಿ. ಅಗಲ ಜಾಗ ನೋಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ. ಇಂಥ ಕಾರುಗಳ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ. ಅತಿ ಬಿಸಿಯಲ್ಲಿ ಓಡಿಸಿದರೆ ಅದು ಬಾಗುತ್ತದೆ, ಅದರ ಅಡಿಯ ಗ್ಯಾಸ್ಕೆಟ್ (ಸೋರದಂತೆ ತಡೆಯುವ ತೆಳು ಹಾಳೆ) ಹೋಗುತ್ತದೆ. ಆಮೇಲೆ ಹೆಡ್ ಬಿಚ್ಚಿ ಫೇಸಿಂಗ್ ಮಾಡಿಸುವ, ಅಂದರೆ ಉಜ್ಜಿ ಸಮ ಮಾಡಿಸುವ ಖರ್ಚು ಇದೆಯಲ್ಲ, ಅದರಲ್ಲಿ ತೋಟಕ್ಕೆ ಗೊಬ್ಬರ ಬರುತ್ತಿತ್ತು. ನಾವು ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ನಿಲ್ಲಿಸಿದೆವು. ಅತ್ತೆಗೆ ಎರಡನೇ ಸಲ ಕೈಮುಗಿಯುವ ಅವಕಾಶ ಸಿಕ್ಕಿತು.

ಮುಚ್ಚಳ ಮುಟ್ಟಬೇಡಿ. ಮುಕ್ಕಾಲು ಗಂಟೆ ಕಾಯಿರಿ. ಒಳಗೆ ಒತ್ತಡದಲ್ಲಿರುವ ನೀರು ಮುಚ್ಚಳ ಸಡಿಲವಾದ ಕೂಡಲೇ ಮುಖಕ್ಕೆ ಚಿಮ್ಮುತ್ತದೆ. ಇಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ಪೈಪ್ ಹಿಸುಕಿದರೆ ಮೆತ್ತಗಾಗಿರಬೇಕು, ಕೈ ಇಡುವಷ್ಟು ತಣ್ಣಗಿರಬೇಕು. ಆಮೇಲೆ ದಪ್ಪ ಬಟ್ಟೆ ಹಾಕಿ ಕಾಲು ಸುತ್ತು ತಿರುಗಿಸಿ, ಸುಯ್ ಸದ್ದು ನಿಂತ ಮೇಲೆ ಪೂರ್ತಿ ತೆಗೆಯಿರಿ. ಮಳೆಗಾಲದಲ್ಲಿ ಚಾರ್ಮಾಡಿಯಲ್ಲಿ ಹೆಜ್ಜೆಗೊಂದು ಝರಿ ಇರುತ್ತದೆ. ಬಾಟಲಿ ತುಂಬಿಸಿ ಬಿಸಿ ಇಂಜಿನ್ನಿಗೆ ಸುರಿಯುವ ಆಸೆ ಆಗೇ ಆಗುತ್ತದೆ. ಬೇಡ. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು.

ಬಾಟಲಿ ತುಂಬಿದೆ, ರೇಡಿಯೇಟರ್ ಖಾಲಿ

ಈಗ ನಮ್ಮ ಕಳ್ಳನ ಕಥೆ. ಪ್ರತಿ ಸಲ ಗ್ಯಾರೇಜಿನ ಹುಡುಗ ಬಾನೆಟ್ ಎತ್ತಿ ಬಾಟಲಿ ನೋಡುತ್ತಿದ್ದ. “ಅಕ್ಕಾ, ನೀರು ಫುಲ್ ಇದೆ. ನೀರಿನ ಪ್ರಾಬ್ಲಂ ಅಲ್ಲ” ಅನ್ನುತ್ತಿದ್ದ. ನಾನೂ ಹೌದು ಅಂದುಕೊಂಡಿದ್ದೆ. ಘಾಟಿಯಲ್ಲಿ ಕಾದು ಮುಚ್ಚಳ ತೆಗೆದಾಗ ನೋಡಿದರೆ ಬಾಟಲಿ ಕಂಠಮಟ್ಟ, ರೇಡಿಯೇಟರಿನಲ್ಲಿ ಬೆರಳು ಇಳಿಸಿದರೂ ನೀರು ಸಿಗುವುದಿಲ್ಲ.

ಮುಚ್ಚಳದ ಕೆಲಸ ಎರಡು. ಒಂದು, ಕುಕ್ಕರಿನ ವೆಯಿಟ್ ಹಾಗೆ ಒತ್ತಡ ಹಿಡಿದಿಡುವುದು. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸುಮಾರು 1000 ಮೀಟರ್ ಎತ್ತರದ ಚಿಕ್ಕಮಗಳೂರಿನಲ್ಲಿ 97ರ ಹತ್ತಿರಕ್ಕೇ ಕುದಿಯುತ್ತದೆ. 1930 ಮೀಟರಿನ ಮುಳ್ಳಯ್ಯನಗಿರಿ ತುದಿಯಲ್ಲಿ 94 ಡಿಗ್ರಿ ಸಾಕು. ಇಂಜಿನ್ ನೀರು ಏರಿನಲ್ಲಿ ಅದನ್ನು ಸಲೀಸಾಗಿ ದಾಟುತ್ತದೆ. ಹಾಗಾಗಿ ಸ್ಪ್ರಿಂಗ್ ಸತ್ತ ಮುಚ್ಚಳ ಕೆಳಗಿನ ಊರುಗಳಲ್ಲಿ ಹೇಗೋ ದಿನ ದೂಡುತ್ತದೆ, ನಮ್ಮ ಬೆಟ್ಟಗಳಲ್ಲಿ ಸಿಕ್ಕಿಬೀಳುತ್ತದೆ. ಒತ್ತಡದ ನಂಬರ್ 0.9 ಅಂತ ಒತ್ತಿರುವ ಒಳ್ಳೆ ಮುಚ್ಚಳ ಇದ್ದರೆ ಕುದಿಯುವ ಬಿಂದು 115 ಡಿಗ್ರಿ ದಾಟುತ್ತದೆ.

ಎರಡನೇ ಕೆಲಸ ಯಾರಿಗೂ ನೆನಪಿರುವುದಿಲ್ಲ. ಬಿಸಿಯಲ್ಲಿ ಹಿಗ್ಗಿದ ನೀರು ಬಾಟಲಿಗೆ ಹೋಗುತ್ತದೆ. ತಣ್ಣಗಾದಾಗ ಅದೇ ನೀರನ್ನು ವಾಪಸ್ ಎಳೆದುಕೊಳ್ಳಬೇಕು. ಅದಕ್ಕೆ ಮುಚ್ಚಳದ ನಟ್ಟನಡುವೆ ನಾಣ್ಯದಷ್ಟು ಚಿಕ್ಕ ವಾಲ್ವ್ ಇದೆ. ನಮ್ಮದರಲ್ಲಿ ಅದು ಅಂಟಿಕೊಂಡಿತ್ತು. ನೀರು ಹೋಗುತ್ತಿತ್ತು, ಬರುತ್ತಿರಲಿಲ್ಲ. ಉಗುರಿನಿಂದ ಆ ವಾಲ್ವ್ ಎಳೆದು ನೋಡಿ. ಬಿಟ್ಟ ಕೂಡಲೇ ಪಟ್ ಅಂತ ಒಳಗೆ ಕೂರಬೇಕು. ರಬ್ಬರ್ ಗಟ್ಟಿಯಾಗಿದ್ದರೆ, ಬಿರುಕಿದ್ದರೆ ಮುಚ್ಚಳ ಬಿಸಾಕಿ. ಬೆಳಿಗ್ಗೆ ಮೇಲಿನ ಹೋಸ್ ಪೈಪ್ ಚಪ್ಪಟೆಯಾಗಿ ಒಳಗೆ ಹೀರಿಕೊಂಡ ಹಾಗೆ ಕಂಡರೂ ಇದೇ ವಾಲ್ವ್ ಮೇಲೆ ಅನುಮಾನ ಪಡಿ. ಹೊಸದು ತರುವಾಗ ಹಳೇದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಮೇಲಿನ ನಂಬರ್ ಒಂದೇ ಇರಬೇಕು. ಜಾಸ್ತಿ ನಂಬರ್ ಇದ್ದರೆ ಒಳ್ಳೇದಲ್ವಾ ಅಂತ ಹಾಕಿದರೆ ಹಳೇ ಹೋಸ್ ಪೈಪು ಒಡೆಯುತ್ತದೆ.

ಇನ್ನೊಂದು ಮಾತು. ನೀರು ತುಂಬ ಕಡಿಮೆಯಾದರೆ ಸೆನ್ಸರ್ ಖಾಲಿ ಜಾಗದಲ್ಲಿ ಉಳಿದು ಸೂಜಿ ತಣ್ಣಗಿದೆ ಅಂತ ಸುಳ್ಳು ಹೇಳಬಹುದು. ಇಂಜಿನ್ ಕಾದ ವಾಸನೆ ಬಂದು ಸೂಜಿ ಕೆಳಗಿದ್ದರೆ ಮೂಗನ್ನೇ ನಂಬಿ.

ಯಾವಾಗ ಬಿಸಿಯಾಗುತ್ತದೆ?

ನಾನು ಮೊದಲೇ ಈ ಪ್ರಶ್ನೆ ಕೇಳಿಕೊಂಡಿದ್ದರೆ ಆ ಆರು ಸಾವಿರದಲ್ಲಿ ಒಂದಿಷ್ಟಾದರೂ ಉಳಿಯುತ್ತಿತ್ತು. ಮೂಡಿಗೆರೆಯಿಂದ ಹಾಸನಕ್ಕೆ ಹೋಗುವಾಗ ನಮ್ಮ ಕಾರು ಒಮ್ಮೆಯೂ ತಕರಾರು ಮಾಡಿರಲಿಲ್ಲ. ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗಲೂ ಸರಿಯಾಗಿತ್ತು. ಅಂದರೆ ಫ್ಯಾನ್ ಚೆನ್ನಾಗಿಯೇ ಇತ್ತು. ಸುಮ್ನೆ ಬದಲಾಯಿಸಿದೆವು.

ನಿಂತಾಗ ಬಿಸಿ, ಓಡುವಾಗ ಸರಿ: ಇದು ಫ್ಯಾನಿನ ಕಡೆಯ ದೋಷ. ಓಡುವಾಗ ಗಾಳಿ ತಾನಾಗಿ ಬರುತ್ತದೆ, ನಿಂತಾಗ ಫ್ಯಾನೇ ಗತಿ. ಕಾರು ನಿಲ್ಲಿಸಿ ಇಂಜಿನ್ ಓಡಲು ಬಿಡಿ. ಸೂಜಿ ಅರ್ಧದ ಸ್ವಲ್ಪ ಮೇಲೆ ಬಂದಾಗ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಇಂಜಿನ್ ಆಫ್ ಮಾಡಿ ಮೊದಲು ಫ್ಯೂಸ್ ನೋಡಿ. ಆಮೇಲೆ ಫ್ಯಾನಿನ ಸಾಕೆಟ್ ಬಿಡಿಸಿ ಎರಡು ವೈರಿನಿಂದ ಬ್ಯಾಟರಿಗೆ ನೇರ ಕೊಟ್ಟು ನೋಡಿ. ತಿರುಗಿತು ಅಂದರೆ ಮೋಟಾರ್ ಸರಿ. ದೋಷ ರಿಲೇಯಲ್ಲಿ, ಫ್ಯಾನ್ ಸ್ವಿಚ್ಚಿನಲ್ಲಿ ಅಥವಾ ತುಕ್ಕು ಹಿಡಿದ ಕನೆಕ್ಷನ್ನಿನಲ್ಲಿ. ನಮ್ಮ ಕಡೆಯ ಮಳೆಗೆ ಕನೆಕ್ಷನ್ ಹಸಿರುಗಟ್ಟುವುದು ಮಾಮೂಲು. ಒಂದು ಎಚ್ಚರ: ಇಗ್ನಿಷನ್ ಆನ್ ಇದ್ದರೆ ಇಂಜಿನ್ ಓಡದಿದ್ದರೂ ಫ್ಯಾನ್ ಗಿರ್ ಅಂತ ಶುರುವಾಗಬಹುದು. ಸೆರಗು, ವೇಲು, ಬೆರಳು ದೂರ ಇರಲಿ.

ಏರಿನಲ್ಲಿ ಅಥವಾ ಸ್ಪೀಡಿನಲ್ಲಿ ಬಿಸಿ, ನಿಂತಾಗ ಇಳಿಯುತ್ತದೆ: ರೇಡಿಯೇಟರ್ ಕಟ್ಟಿಕೊಂಡಿರಬಹುದು. ಮೊದಲು ಹೊರಗೆ ನೋಡಿ. ರೇಡಿಯೇಟರ್ ಮುಂದಿರುವ ಏಸಿಯ ಜಾಲರಿಗೂ (ಕಂಡೆನ್ಸರ್) ರೇಡಿಯೇಟರಿಗೂ ನಡುವೆ ಒಂದು ಸಂದಿ ಇದೆ. ನಮ್ಮ ಕಾರಿನ ಆ ಸಂದಿಯಲ್ಲಿ ಸಿಲ್ವರ್ ಓಕ್ ಎಲೆ, ಹುಳು, ಕಣದ ಧೂಳು ಸೇರಿ ಬೆರಣಿಯ ಹಾಗೆ ತಟ್ಟಿಕೊಂಡಿತ್ತು. ಇಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಡಿ, ಗಾರ್ಡನ್ ಪೈಪಿನ ಒತ್ತಡ ಸಾಕು. ವಾಟರ್ ಸರ್ವಿಸಿನ ಜೋರು ಪೈಪ್ ಹಿಡಿದರೆ ರೇಡಿಯೇಟರಿನ ತೆಳು ರೆಕ್ಕೆಗಳೆಲ್ಲ ಮಡಚಿಕೊಳ್ಳುತ್ತವೆ. ಒಳಗೆ ಕಟ್ಟಿದೆಯೋ ತಿಳಿಯಲು, ಇಂಜಿನ್ ಬಿಸಿ ಮಾಡಿ ಆಫ್ ಮಾಡಿ, ಫ್ಯಾನ್ ಸಾಕೆಟ್ ಬಿಡಿಸಿ, ರೇಡಿಯೇಟರ್ ಮೇಲೆ ಅಂಗೈ ಹತ್ತಿರ ಹಿಡಿದು ಸವರಿ. ಅಲ್ಲಲ್ಲಿ ತಣ್ಣಗಿದ್ದರೆ ಆ ಕೊಳವೆಗಳಲ್ಲಿ ನೀರು ಹರಿಯುತ್ತಿಲ್ಲ. ಕಡೂರು, ಅರಸೀಕೆರೆ ಕಡೆ ಬೋರ್‌ವೆಲ್ ನೀರು ಹಾಕುತ್ತಾ ಬಂದ ಕಾರುಗಳಲ್ಲಿ ಹಂಡೆಯೊಳಗೆ ಕಟ್ಟುವ ಹಾಗೆ ಬಿಳಿ ಸುಣ್ಣ ಕಟ್ಟುತ್ತದೆ.

ಅರಿಶಿನದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ರೇಡಿಯೇಟರ್ ಸಣ್ಣಗೆ ಸೋರಿದರೆ ಎರಡು ಚಮಚ ಅರಿಶಿನ ಪುಡಿ ಹಾಕುವ ಉಪಾಯ ಲಾರಿಯವರಿಂದ ಎಲ್ಲರಿಗೂ ಗೊತ್ತು. ಸೂಜಿಮೊನೆಯಷ್ಟು ತೂತು ಮುಚ್ಚಿಕೊಳ್ಳುತ್ತದೆ ನಿಜ, ಮನೆ ಸೇರಬಹುದು. ಆದರೆ ಅದು ತೂತನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲವಲ್ಲ. ನಮ್ಮ ರೇಡಿಯೇಟರ್ ತೊಳೆದಾಗ ಹಳದಿ ಕೆಸರು ಬಂತು. ಹಿಂದಿನ ಯಜಮಾನರ ಪ್ರಸಾದ. ಆ ತೊಳೆಸಿದ್ದು ಮಾತ್ರ ದಂಡವಾಗಲಿಲ್ಲ.

ಸ್ಟಾರ್ಟ್ ಮಾಡಿ ಐದು-ಹತ್ತು ನಿಮಿಷಕ್ಕೇ ಬಿಸಿ: ಥರ್ಮೋಸ್ಟ್ಯಾಟ್ ತೆರೆಯುತ್ತಿಲ್ಲ, ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಇಂಜಿನ್ನಿನಿಂದ ನೀರು ಹೊರಬರುವ ಕಡೆ ಥರ್ಮೋಸ್ಟ್ಯಾಟ್ ಇರುವ ನಮ್ಮಂಥ ಕಾರಿನಲ್ಲಿ, ಸೂಜಿ ಮೇಲೇರಿದರೂ ಮೇಲಿನ ಹೋಸ್ ಪೈಪ್ ತಣ್ಣಗೇ ಇದ್ದರೆ ಅದೇ ದೋಷ. ಬಿಚ್ಚಿ ಹಳೇ ಪಾತ್ರೆಯಲ್ಲಿ ನೀರು ಹಾಕಿ, ದಾರಕ್ಕೆ ಕಟ್ಟಿ ತಳ ತಾಗದ ಹಾಗೆ ಇಳಿಬಿಟ್ಟು ಕಾಯಿಸಿ. ಅದರ ಮೇಲೆ 82 ಅಥವಾ 88 ಥರದ ನಂಬರ್ ಒತ್ತಿರುತ್ತದೆ. ಆ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಬೇಕು. ನೀರು ಕೊತಕೊತ ಕುದಿದರೂ ಬಿಡದಿದ್ದರೆ ಬದಲಾಯಿಸಿ. “ತೆಗೆದು ಬಿಸಾಕಿ ಅಕ್ಕ, ನಮ್ಮೂರಿಗೆ ಬೇಡ” ಅನ್ನುವವರ ಮಾತು ಕೇಳಬೇಡಿ. ಜನವರಿಯ ಬೆಳಿಗ್ಗೆ ನಮ್ಮೂರಲ್ಲಿ ಇಬ್ಬನಿ ಸುರಿಯುವಾಗ ಥರ್ಮೋಸ್ಟ್ಯಾಟ್ ಇಲ್ಲದ ಇಂಜಿನ್ ಬಿಸಿಯೇ ಆಗುವುದಿಲ್ಲ. ಪೆಟ್ರೋಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ.

ಸೂಜಿ ಏರುವುದರ ಜೊತೆಗೆ ಬ್ಯಾಟರಿ ದೀಪವೂ ಹತ್ತಿದರೆ ಬೆಲ್ಟ್ ಕಡಿದಿದೆ ಅಥವಾ ಜಾರುತ್ತಿದೆ. ನೀರಿನ ಪಂಪನ್ನೂ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ಒಂದೇ ಬೆಲ್ಟ್ ತಿರುಗಿಸುವ ಕಾರುಗಳಲ್ಲಿ ಹೀಗೆ. ತಕ್ಷಣ ನಿಲ್ಲಿಸಿ. ಪಂಪಿನ ಕೆಳಗೆ ಒಣಗಿದ ನೀರಿನ ಕಲೆ ಇದ್ದರೆ ಅದರ ಸೀಲ್ ಹೋಗಿದೆ. ಶೆಡ್ಡಿನಲ್ಲಿ ನಿಲ್ಲಿಸುವ ಕಾರಾದರೆ ಹೋಸ್ ಪೈಪುಗಳಲ್ಲಿ ಇಲಿ ಹಲ್ಲಿನ ಗುರುತೂ ಹುಡುಕಿ.

ಎಲ್ಲೂ ಸೋರದೆ ನೀರು ಮಾಯವಾದರೆ

ಇದು ಕೆಟ್ಟ ಸುದ್ದಿ ಇರಬಹುದು. ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆಗಳು ನಿಲ್ಲದೆ ಬರುತ್ತಲೇ ಇದ್ದರೆ, ಅಥವಾ ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಹೋಸ್ ಪೈಪ್ ಕಲ್ಲಿನಂತಾದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಇನ್ನೊಂದು ಗುರುತು.

ಆಯಿಲ್ ಮುಚ್ಚಳದ ಅಡಿಯಲ್ಲಿ ಹಾಲು ಜಾಸ್ತಿಯಾದ ಕಾಫಿ ಬಣ್ಣದ ನೊರೆ ಕಂಡರೆ ಎಲ್ಲರೂ ಗಾಬರಿಯಾಗುತ್ತಾರೆ. ಮಲೆನಾಡಿನವರು ಸ್ವಲ್ಪ ತಾಳಿ. ಜುಲೈ ತಿಂಗಳಲ್ಲಿ ದಿನಾ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಗಾಳಿಯ ತೇವವೇ ಅಲ್ಲಿ ಕೂತು ಹಾಗೆ ಕಾಣುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ನೋಡಿ. ಅದರ ಮೇಲಿನ ಆಯಿಲ್ ಕೂಡ ಅದೇ ಹಾಲು ಕಾಫಿಯ ಬಣ್ಣ ಇದ್ದರೆ ಮಾತ್ರ ಕಾರನ್ನು ಸ್ಟಾರ್ಟ್ ಮಾಡದೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ವಾಪಸ್ ತುಂಬುವಾಗ

ಅರ್ಧ ಜನ ಇಲ್ಲೇ ಎಡವುತ್ತಾರೆ. ಕೂಲಂಟ್ (ಇಂಜಿನ್ ತಣ್ಣಗಿಡಲು ನೀರಿಗೆ ಬೆರೆಸುವ ದ್ರವ) ಮತ್ತು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಮಸಮ. ಸಣ್ಣ ಕಾರಿಗೆ ಒಟ್ಟು ಮೂರೂವರೆಯಿಂದ ನಾಲ್ಕು ಲೀಟರ್ ಹಿಡಿಯುತ್ತದೆ. ಡಬ್ಬದ ಮೇಲೆ ಮೊದಲೇ ಬೆರೆಸಿದ್ದು ಅಂತ ಇದ್ದರೆ ಮತ್ತೆ ನೀರು ಸೇರಿಸಬೇಡಿ. ಹಸಿರಿಗೆ ಹಸಿರು ಅಂತ ಬಣ್ಣ ನೋಡಿ ಬೆರೆಸುವುದೂ ಬೇಡ, ಒಳಗಿನ ಸರಕು ಬೇರೆ ಇರಬಹುದು. ಹಳೇದನ್ನು ಬೇಸಿನ್ನಿಗೆ ಹಿಡಿಯಿರಿ. ಕೂಲಂಟ್ ಸಿಹಿ, ನಾಯಿ ನೆಕ್ಕುತ್ತದೆ, ಅದು ವಿಷ.

ಕಾರಿನ ಮೂತಿ ಏರಿನ ಕಡೆ ಇರುವ ಹಾಗೆ ನಿಲ್ಲಿಸಿ. ನಮ್ಮಲ್ಲಿ ಏರು ಹುಡುಕಬೇಕಾಗಿಲ್ಲ, ಸಮತಟ್ಟು ಜಾಗಕ್ಕೇ ಬರ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಬಿಸಿಗಿಡಿ. ನಿಧಾನ ಹೊಯ್ಯಿರಿ. ನಡುನಡುವೆ ಮೇಲಿನ ಹೋಸ್ ಪೈಪ್ ಹಿಸುಕಿದರೆ ಗುಳುಗುಳು ಅಂತ ಗಾಳಿ ಬರುತ್ತದೆ. ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿ, ಮಟ್ಟ ಇಳಿದಂತೆ ತುಂಬುತ್ತಾ ಹೋಗಿ. ಥರ್ಮೋಸ್ಟ್ಯಾಟ್ ತೆರೆದಾಗ ಒಮ್ಮೆಲೇ ಇಳಿಯುತ್ತದೆ, ಆಗ ಮತ್ತೆ ತುಂಬಿ. ನೀರು ಉಕ್ಕಿ ಬರುವ ಲಕ್ಷಣ ಕಾಣುವ ಮೊದಲೇ ಮುಚ್ಚಳ ಹಾಕಿ. ಆಮೇಲೆ ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಕಾಯಿರಿ.

ಬಾಟಲಿಯ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಗೀಟು ಎಳೆಯಿರಿ. ಮಾರನೇ ದಿನ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಗೀಟನ್ನೂ ನೋಡಿ, ರೇಡಿಯೇಟರ್ ಮುಚ್ಚಳ ತೆಗೆದು ಒಳಗೂ ನೋಡಿ. ಮೊದಲ ದಿನ ಬೆರಳಗಲ ಇಳಿದರೆ ಉಳಿದ ಗಾಳಿ ಹೋಗಿದೆ ಅಷ್ಟೇ, ತುಂಬಿ. ಮೂರನೇ ದಿನವೂ ಇಳಿಯುತ್ತಿದ್ದರೆ ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿ, ಒದ್ದೆ ಕಲೆ ಎಲ್ಲಿ ಬಿದ್ದಿದೆ ಅಂತ ಬೆಳಿಗ್ಗೆ ಗುರುತು ಮಾಡಿಕೊಳ್ಳಿ.