ಗುಜರಿ ಸೈಕಲ್‌ನಲ್ಲಿ ನೇತ್ರಾವಳಿ ಒಳದಾರಿ: ನನ್ನ ಅನುಭವ

"ಇದು ಗುಜರಿಗೆ ಹೋಗೋ ಮಾಲು ಮಾರಾಯಾ, ಹಾದಿ ತಪ್ಪಿ ನಿನ್ ಮನಿಗೆ ಬಂದೈತಿ" ಎಂದು ಗೋವಾದ ವಾಸ್ಕೋದಲ್ಲಿರುವ ನನ್ನ ಹುಬ್ಬಳ್ಳಿ ಗೆಳೆಯ ನಕ್ಕಿದ್ದ. ತಪ್ಪೇನಿಲ್ಲ. ಕುಡಚಡೆಯ ಒಂದು ಮನೆಯ ಹಿಂದೆ, ತೆಂಗಿನ ಸಿಪ್ಪೆಯ ರಾಶಿಗೆ ಒರಗಿ ನಿಂತಿದ್ದ ಹಳೇ 26 ಇಂಚಿನ ಗಾಲಿಯ ಸ್ಟೀಲ್ ಎಂಟಿಬಿ (ಗುಡ್ಡದ ದಾರಿಯ ಸೈಕಲ್) ಅದು. ಐದು ಸಾವಿರ ಹೇಳಿದರು, ಮೂರೂವರೆಗೆ ಇಳಿಸಿದೆ. ಗೆಳೆಯನದು ಜಲ್ಲಿದಾರಿಗೆಂದೇ ಮಾಡಿದ ಹೊಸ ಸೈಕಲ್, ಗ್ರಾವೆಲ್ ಬೈಕ್, ಒಂದು ಲಕ್ಷ ನಲವತ್ತು ಸಾವಿರದ್ದು. ನಮ್ಮ ಭಾನುವಾರದ ಗುಂಪಿನಲ್ಲಿ ಎಲ್ಲರೂ ಅವನ ಕಡೆಯೇ. ಮೊನ್ನೆ ಜನವರಿಯಲ್ಲಿ ಲೆಕ್ಕ ಚುಕ್ತಾ ಆಯಿತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಸುತ್ತು ಇದು: ಮಡಗಾಂವ್‌ನಿಂದ ಚಾಂದೋರ್, ಕೇಪೆ, ರಿವಣ, ನೇತ್ರಾವಳಿ. ಬರುವಾಗ ಸಾಂಗೆ, ಕುಡಚಡೆ. ಸುಮಾರು 90-95 ಕಿಲೋಮೀಟರ್. ಕಾಲಲ್ಲಿ ಕಸುವಿದ್ದ ದಿನ ಮೇಲೆ ವೆರ್ಲೆ ಊರಿಗೂ ಹತ್ತುತ್ತೇನೆ. ಗಣಿ ಲಾರಿಗಳ ಕಾಲದಲ್ಲಿ ಆ ಕಡೆ ಸೈಕಲ್ ಒಯ್ಯುವುದು ಹುಚ್ಚುತನವಾಗಿತ್ತು. 2012ರಲ್ಲಿ ಗಣಿಗಾರಿಕೆ ನಿಂತಿತು. 2018ರಲ್ಲಿ ಸುಪ್ರೀಂ ಕೋರ್ಟ್ ಲೀಸ್‌ಗಳ ನವೀಕರಣವನ್ನೇ ರದ್ದು ಮಾಡಿತು. ಎಷ್ಟೋ ಮನೆಗಳ ಅನ್ನ ಹೋಯಿತು, ಅದು ಬೇರೆ ಮಾತು. ನಮಗೆ ಮಾತ್ರ ಖಾಲಿ ರಸ್ತೆ ಸಿಕ್ಕಿತು. ನೇತ್ರಾವಳಿ ಅಭಯಾರಣ್ಯ 211 ಚದರ ಕಿಲೋಮೀಟರ್ ಇದೆ. ಅದರೊಳಗಿನ ಕಾಡುದಾರಿಗೆ ನಾನು ಸೈಕಲ್ ಇಳಿಸುವುದಿಲ್ಲ. ಊರಿನವರು ಓಡಾಡುವ ರಸ್ತೆ, ಅದರ ಅಂಚಿನ ಕೆಮ್ಮಣ್ಣು, ಅಷ್ಟೇ ಸಾಕು.

ಮೊದಲು ಇದೇ ಸುತ್ತನ್ನು ಡಾಂಬರು ರಸ್ತೆಗೆ ಆಗುವ ಹೈಬ್ರಿಡ್ ಸೈಕಲ್‌ನಲ್ಲಿ ಹೊಡೆಯುತ್ತಿದ್ದೆ. 35 ಮಿಲಿಮೀಟರ್ ಅಗಲದ ಟಯರ್, 70 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ. ರಿವಣ ದಾಟಿದ ಮೇಲೆ ಡಾಂಬರು ಕಿತ್ತು ಚಿರೆಕಲ್ಲಿನ ಚೂರು ಎದ್ದಿರುತ್ತದಲ್ಲ, ಅಲ್ಲಿ ಒಂದೇ ಬೆಳಿಗ್ಗೆ ಮೂರು ಪಂಚರ್. ಮೂರೂ ಹಾವು ಕಚ್ಚಿದ ಹಾಗೆ ಎರಡೆರಡು ತೂತು. ಗಾಳಿ ಇಳಿಸಿದರೆ ರಿಮ್ ಬಡಿಯುತ್ತದೆ, ಏರಿಸಿದರೆ ಕೈ ಜೋಮು ಹಿಡಿಯುತ್ತದೆ. ದಪ್ಪ ಟಯರ್ ಹಾಕೋಣವೆಂದರೆ ಫ್ರೇಮಿನಲ್ಲಿ ಜಾಗವಿಲ್ಲ. ಹಳೇ ಎಂಟಿಬಿ ಹುಡುಕಿದ್ದು ಅದಕ್ಕೇ. 2.1 ಇಂಚಿನ ಟಯರ್ ನುಂಗಿಯೂ ಬೆರಳು ತೂರುವಷ್ಟು ಜಾಗ ಉಳಿಯುತ್ತದೆ.

ಈಗ ನಷ್ಟದ ಕಥೆ. ಸೀಟ್ ಪೋಸ್ಟ್ ತುಕ್ಕು ಹಿಡಿದು ಫ್ರೇಮಿಗೇ ಅಂಟಿಕೊಂಡಿತ್ತು. ಡೀಸೆಲ್ ಸುರಿದು ಎರಡು ದಿನ ಕಾದು, ಪೈಪ್ ಹಾಕಿ ತಿರುಗಿಸಿದ ಮೇಲೆ ಬಂತು. ಆಮೇಲೆ ರೇಸ್ ಸೈಕಲ್‌ನಂತೆ ಕೆಳಗೆ ಬಾಗಿದ ಡ್ರಾಪ್ ಹ್ಯಾಂಡಲ್ ತರಿಸಿದೆ. ಬಂದದ್ದು 31.8 ಮಿಲಿಮೀಟರ್ ದಪ್ಪದ್ದು, ಅದನ್ನು ಹಿಡಿಯಬೇಕಾದ ನನ್ನ ಸ್ಟೆಮ್ 25.4ರದ್ದು. ಅಳತೆ ನೋಡದೆ ದುಡ್ಡು ಹಾಕಿದ ಜಾಣತನಕ್ಕೆ 1,400 ರೂಪಾಯಿ ಹೋಯಿತು. ಅದು ಇನ್ನೂ ಅಟ್ಟದ ಮೇಲಿದೆ, ಬೇಕಾದವರು ಕೇಳಿ.

ಸರಿ ಅಳತೆಯ ಹ್ಯಾಂಡಲ್ ಕೂತ ಮೇಲೆ ಬ್ರೇಕ್‌ದು ದೊಡ್ಡ ಪಾಠ. ಡ್ರಾಪ್ ಹ್ಯಾಂಡಲ್‌ನ ಲಿವರ್ ಎಳೆಯುವ ತಂತಿ ಕಡಿಮೆ, ಉದ್ದ ತೋಳುಗಳಿಂದ ರಿಮ್ ಹಿಡಿಯುವ ವಿ-ಬ್ರೇಕ್‌ಗೆ ಬೇಕಾದದ್ದು ಜಾಸ್ತಿ. ಗೊತ್ತಿತ್ತು, ಆದರೂ "ನೋಡೋಣ" ಎಂದು ಹೊರಟೆ. ವೆರ್ಲೆಯಿಂದ ಇಳಿಯುವಾಗ ಎರಡನೇ ತಿರುವಿನಲ್ಲಿ ಲಿವರ್ ಹ್ಯಾಂಡಲ್‌ಗೆ ತಾಗಿತು, ಸೈಕಲ್ ಮಾತ್ರ ನಿಲ್ಲಲಿಲ್ಲ. ಬಲಗಾಲಿನ ಬೂಟಿನ ಅಟ್ಟೆಯನ್ನು ಹಿಂದಿನ ಟಯರಿಗೆ ಒತ್ತಿದೆ, ಶಾಲೆಗೆ ಹೋಗುವಾಗ ಮಾಡುತ್ತಿದ್ದ ಹಾಗೆ. ರಬ್ಬರ್ ಸುಟ್ಟ ವಾಸನೆ ಬಂತು. ಕೊನೆಗೆ ಚರಂಡಿಯ ಮಣ್ಣಿನ ದಿಬ್ಬವೇ ಬ್ರೇಕ್ ಆಯಿತು. ಮಾರನೇ ದಿನವೇ ಗಿಡ್ಡ ತೋಳಿನ ಮಿನಿ-ವಿ ಬ್ರೇಕ್ ಆರ್ಡರ್ ಮಾಡಿದೆ, ಜೋಡಿಗೆ 1,600. ಈಗ ಎರಡು ಬೆರಳಿಗೆ ನಿಲ್ಲುತ್ತದೆ. ಆದರೆ ಬ್ರೇಕಿನ ರಬ್ಬರ್ ಬ್ಲಾಕು ರಿಮ್‌ಗೆ ತೀರಾ ಹತ್ತಿರ ಕೂರುತ್ತದೆ, ರಿಮ್ ಸ್ವಲ್ಪ ಸೊಟ್ಟಗಾದರೂ ಉಜ್ಜುತ್ತದೆ. ವಾರಕ್ಕೊಮ್ಮೆ ಕಡ್ಡಿ ಬಿಗಿ ಮಾಡುವ ಅಭ್ಯಾಸ ಇಲ್ಲದವರು ಈ ಕಡೆ ಬರಬೇಡಿ.

ಟ್ಯೂಬ್‌ಲೆಸ್ ಕೂಡ ಮಾಡಿ ನೋಡಿದೆ. ಹಳೇ ರಿಮ್, ಅದರ ಮೇಲೆ ಟೇಪ್ ಸುತ್ತಿ, ತಾರಸಿಯ ಮೇಲೆ ಕೂತು ಗಾಳಿ ಹೊಡೆದೆ. ಟಯರ್ ಕೂತಿತು. ಖುಷಿಯಾಗಿ ಇನ್ನೂ ಹತ್ತು ಪಿಎಸ್‌ಐ ಏರಿಸಿದೆ. ಢಂ ಎಂದಿತು. ಮೇ ತಿಂಗಳು, ಮನೆ ಮಾಲಕಿ ಅಲ್ಲೇ ಮುರುಗಲು ಸಿಪ್ಪೆ ಒಣಹಾಕಿದ್ದರು. ಎರಡು ಗೆರಸಿ ಕೆಂಪು ಸಿಪ್ಪೆಯ ಮೇಲೆ ತೂತು ಮುಚ್ಚುವ ಬಿಳಿ ದ್ರವ, ಸೀಲೆಂಟ್, ಸುಣ್ಣ ಎರಚಿದ ಹಾಗೆ. ಐನೂರು ರೂಪಾಯಿ ಕೊಟ್ಟೆ, ಕೊಂಕಣಿಯಲ್ಲಿ ಬೈಸಿಕೊಂಡೆ. ಈಗ ಟ್ಯೂಬ್ ಒಳಗೇ ಸೀಲೆಂಟ್ ಹಾಕುತ್ತೇನೆ, ಒಂದಕ್ಕೆ ನೂರು ಮಿಲಿ ಆಸುಪಾಸು. ಮುಳ್ಳಿಗೆ ಅದು ಸಾಕು, ಕಲ್ಲಿನ ಏಟಿಗೆ ಟಯರಿನ ದಪ್ಪ ಸಾಕು. ವಾಲ್ವ್ ದಪ್ಪನೆಯದು, ಮೋಟಾರ್‌ಸೈಕಲ್‌ನಂತಹದ್ದೇ ಇಟ್ಟುಕೊಂಡಿದ್ದೇನೆ. ಯಾವ ಹಳ್ಳಿಯ ಪಂಚರ್ ಅಂಗಡಿಯಲ್ಲೂ ಗಾಳಿ ಸಿಗುತ್ತದೆ. ಕುಡಚಡೆಯಲ್ಲಿ ಬಿಜಾಪುರದ ಕಾಕಾ ಒಬ್ಬರಿದ್ದಾರೆ. ಪ್ರತಿ ಸಲವೂ ಅದೇ ಮಾತು: "ಇಷ್ಟ್ ಕಡಿಮಿ ಗಾಳಿ ಯಾಕ್ರೀ? ಗಾಲಿ ನಿದ್ದಿ ಮಾಡ್ತೈತಿ." ನಾನು ಹಾಕುವುದು ಮುಂದೆ 26 ಪಿಎಸ್‌ಐ, ಹಿಂದೆ 30. ನನ್ನ ತೂಕ 74 ಕಿಲೋ. ಈ ಅಂಕಿಗೆ ಬರಲು ನಾಲ್ಕು ತಿಂಗಳು ಹಿಡಿಯಿತು. ಪಂಪಿನ ಮುಳ್ಳು ಅಷ್ಟು ಕೆಳಗೆ ಸುಳ್ಳು ಹೇಳುತ್ತದೆ, ಬೇರೆ ಮೀಟರ್ ಇಟ್ಟುಕೊಳ್ಳಿ.

ಗೇರು ಮುಂದೆ ಒಂದೇ, 32 ಹಲ್ಲು. ಹಿಂದೆ 14ರಿಂದ 34 ಹಲ್ಲಿನವರೆಗಿನ ಚಕ್ರಗಳ ಫ್ರೀವೀಲ್. ಹೆದ್ದಾರಿಯಲ್ಲಿ ಎಲ್ಲರೂ ನನ್ನನ್ನು ದಾಟಿ ಹೋಗುತ್ತಾರೆ, ಒಪ್ಪುತ್ತೇನೆ. ಮುಂದೆ ಒಂದೇ ಚಕ್ರವಿದ್ದರೂ ಚೈನ್ ಬೀಳದ ಹಾಗೆ ಒಳಗಡೆ ಏನೋ ಒಂದು ಕಟ್ಟಿದ್ದೇನೆ. ಗುಂಪಿನವರು ಬಗ್ಗಿ ಬಗ್ಗಿ ನೋಡಿದ್ದಾರೆ, ಗೊತ್ತಾಗಿಲ್ಲ. ಚೈನಿಗೆ ತೆಂಗಿನೆಣ್ಣೆ ಹಾಕಿ ನೋಡಿದೆ, ಕೆಂಪು ಧೂಳು ಸೇರಿ ಚಟ್ನಿಯಾಯಿತು. ಹೊಲಿಗೆ ಮಷಿನ್ ಎಣ್ಣೆ ಒಂದೇ ಮಳೆಗೆ ಕೇಪೆ ತಲುಪುವ ಮೊದಲೇ ತೊಳೆದುಹೋಯಿತು. ಈಗ ಎರಡು ಎಣ್ಣೆ ಬೆರೆಸುತ್ತೇನೆ. ಯಾವುದು, ಎಷ್ಟು ಎಂದು ಕೇಳಬೇಡಿ.

ಗಂಟೆಯ ವಿಷಯ ಹೇಳಲೇಬೇಕು. ನನ್ನ ಹಿಂದಿನ ಗಾಲಿ ಸದ್ದು ಮಾಡುವುದಿಲ್ಲ. ಒಂದು ಬೆಳಿಗ್ಗೆ ನೇತ್ರಾವಳಿ ಹತ್ತಿರ ಮಂಜಿನಲ್ಲಿ ತಿರುಗಿದರೆ ನಲವತ್ತು ಹೆಜ್ಜೆ ದೂರದಲ್ಲಿ ಕಾಡುಕೋಣ. ಬಿಳಿ ಕಾಲುಚೀಲ ಹಾಕಿದ ಹಾಗೆ ನಾಲ್ಕು ಕಾಲು, ಅದರ ಮೇಲೆ ಒಂದು ಕಪ್ಪು ಗೋಡೆ. ಅದು ನೋಡಿತು, ನಾನು ನೋಡಿದೆ. ಹತ್ತು ನಿಮಿಷ ಬಿಟ್ಟು ಅದೇ ದಾರಿ ಬಿಟ್ಟಿತು. ಆಮೇಲೆ ಅಂಕೋಲೆಯ ಸಂತೆಯಿಂದ 120 ರೂಪಾಯಿಯ ದನದ ಗಂಟೆ ತಂದು ಸೀಟಿನ ಕೆಳಗೆ ಕಟ್ಟಿದೆ. ದೂರದಿಂದಲೇ ಪ್ರಾಣಿಗಳಿಗೆ ತಿಳಿಯಲಿ ಎಂದು. ವೆರ್ಲೆಯಲ್ಲಿ ಒಬ್ಬರು ಅಜ್ಜಿ ಕೋಲು ಹಿಡಿದು ಹರಿವೆ ಪಾತಿಯತ್ತ ಓಡಿ ಬಂದರು. ದನ ನುಗ್ಗಿತು ಅಂದುಕೊಂಡಿದ್ದರಂತೆ. ಈಗ ಊರು ಬಂದಾಗ ಗಂಟೆಗೆ ಕರವಸ್ತ್ರ ತುರುಕುತ್ತೇನೆ.

ಮೇ ತಿಂಗಳಲ್ಲಿ ಸಾಳಾವಳಿ ಅಣೆಕಟ್ಟಿನ ನೀರು ಇಳಿದು ಕುರ್ಡಿ ಊರು ಮೇಲೆ ಬರುತ್ತದೆ. ಗಾಯಕಿ ಮೋಗುಬಾಯಿ ಕುರ್ಡೀಕರ್ ಹುಟ್ಟಿದ ಊರು. ಒಡೆದ ನೆಲ, ಮನೆಗಳ ತಳಪಾಯ, ಒಣಗಿದ ಮರದ ಬೊಡ್ಡೆ. ಟಯರಿಗೆ ಇದಕ್ಕಿಂತ ಒಳ್ಳೆಯ ನೆಲ ಗೋವಾದಲ್ಲಿಲ್ಲ. ಆದರೆ ಅವತ್ತು ಸೋಮೇಶ್ವರ ಗುಡಿಗೆ ಹಳೇ ಊರಿನವರು ಬಂದಿದ್ದರು. ತಮ್ಮ ಮನೆ ಎಲ್ಲಿತ್ತೆಂದು ಮಕ್ಕಳಿಗೆ ತೋರಿಸುತ್ತಿದ್ದರು. ಇಳಿದು ತಳ್ಳಿಕೊಂಡೇ ಹೋದೆ.

ಜನವರಿಗೆ ಬರುತ್ತೇನೆ. ಗೆಳೆಯ, ನಾನು, ಇನ್ನಿಬ್ಬರು. ಕೇಪೆವರೆಗೆ ಅವನೇ ಮುಂದೆ, ಬೆನ್ನೂ ಕಾಣಲಿಲ್ಲ. ರಿವಣ ದಾಟಿದ ಮೇಲೆ ಅವನ 38ರ ಟಯರಿಗೆ ಒಂದು ಪಂಚರ್, ಅರ್ಧ ಗಂಟೆಗೆ ಇನ್ನೊಂದು. 50 ಪಿಎಸ್‌ಐ ಹಾಕಿದ್ದ. ಇಳಿಜಾರಿನ ಸಡಿಲ ಜಲ್ಲಿಯಲ್ಲಿ ಇಳಿದು ನಡೆದ. ನೇತ್ರಾವಳಿಯ ಚಹಾ ಅಂಗಡಿಗೆ ಅವನು ಬಂದಾಗ ನಾನು ಎರಡನೇ ಪ್ಲೇಟ್ ಭಾಜಿ-ಪಾವ್ ಮುಗಿಸಿ ಬಾಳೆಹಣ್ಣು ಸುಲಿಯುತ್ತಿದ್ದೆ. ಏನೂ ಹೇಳಲಿಲ್ಲ. ಅವನೂ ಹೇಳಲಿಲ್ಲ.

ಒಟ್ಟು ಖರ್ಚು ಹತ್ತೊಂಬತ್ತು ಸಾವಿರದ ಹತ್ತಿರ. ಅದರಲ್ಲಿ ಐದಾರು ಸಾವಿರ ನನ್ನ ದಡ್ಡತನದ್ದು.

ಕಳೆದ ವಾರ ಅವನ ಫೋನ್. ಬೆಳಗಾವಿಯಲ್ಲಿ ಹಳೇ 26ರ ಫ್ರೇಮ್ ಸಿಕ್ಕಿದೆಯಂತೆ, ನಾಲ್ಕು ಸಾವಿರ ಅಂತೆ. "ಸೀಟ್ ಪೋಸ್ಟ್ ತಿರುಗಿಸಿ ನೋಡು, ಅಲ್ಲಾಡಿದರೆ ಮಾತ್ರ ದುಡ್ಡು ಕೊಡು" ಎಂದೆ. "ಆತು. ಮತ್ತ ಆ ಎಣ್ಣಿ ಏನದು?" ಎಂದ. ನೆಟ್‌ವರ್ಕ್ ಹೋಯಿತು ಎಂದು ಫೋನ್ ಇಟ್ಟೆ.