ಅಕ್ಟೋಬರ್ ಮೊನಾರ್ಕ್‌ಗೆ ಮಿಲ್ಕ್‌ವೀಡ್ ಬೇಕಿಲ್ಲ

ಟೆಕ್ಸಾಸ್‌ನಲ್ಲಿ ಮನೆಯಿಂದಲೇ ಮೊನಾರ್ಕ್ ಚಿಟ್ಟೆಗಳ ವಲಸೆ ನೋಡುವ ಆಸೆ ಇದ್ದರೆ, ಅವುಗಳ ಹುಳುಗಳು ತಿನ್ನುವ ಮಿಲ್ಕ್‌ವೀಡ್ ಗಿಡಕ್ಕೆ ದುಡ್ಡು ಸುರಿಯಬೇಡಿ. ಈ ಮಾತು ಹೇಳಿದಾಗ ಇಲ್ಲಿನ ನಮ್ಮ ಕನ್ನಡದ ಚಿಟ್ಟೆ ಗೆಳೆಯರೆಲ್ಲ ನಕ್ಕಿದ್ದರು. "ಹಿತ್ತಲಲ್ಲಿ ಕೂತು ವಲಸೆ ಎಣಿಸ್ತೀರಾ? ಅದಕ್ಕೆ ನದಿ ದಂಡೆಗೆ ಹೋಗಬೇಕು ಕಣ್ರೀ" ಅಂದರು ಒಬ್ಬರು. ಈಗ ಅಕ್ಟೋಬರ್ ಬಂತೆಂದರೆ ಅವರೇ ಫೋನ್ ಮಾಡಿ, "ಈ ವಾರ ಗಾಳಿ ಹೇಗಿದೆ?" ಅಂತ ನನ್ನನ್ನು ಕೇಳುತ್ತಾರೆ. ಅದಕ್ಕೇ ಬರೆಯುವ ಧೈರ್ಯ ಬಂತು.

ನಾವಿರುವುದು ಆಸ್ಟಿನ್‌ನ ಉತ್ತರಕ್ಕೆ, ರೌಂಡ್ ರಾಕ್‌ನಲ್ಲಿ. ಕೆನಡಾ, ಮಿನ್ನೆಸೋಟ, ಅಯೋವಾ ಕಡೆಯಿಂದ ಹೊರಟ ಚಿಟ್ಟೆಗಳು ಮೆಕ್ಸಿಕೋದ ಮಿಚೋಆಕಾನ್ ಬೆಟ್ಟಗಳಿಗೆ ಹೋಗಲು ಟೆಕ್ಸಾಸ್ ದಾಟಲೇಬೇಕು. ಆ ದೊಡ್ಡ ದಾರಿಯ ಪೂರ್ವದ ಅಂಚಿನಲ್ಲಿ ನಾವಿದ್ದೇವೆ. ಹಿತ್ತಲು ದೊಡ್ಡದೇನಲ್ಲ. ಒಂದು ಲೈವ್ ಓಕ್ ಮರ, ಮರದ ಬೇಲಿ, ಆಚೆ ಪಕ್ಕದವರ ಎರಡಂತಸ್ತಿನ ಮನೆ. ಅಷ್ಟೇ.

ಮೊದಲ ವರ್ಷ ಎಲ್ಲರ ಹಾಗೆ ನಾನೂ ಮಿಲ್ಕ್‌ವೀಡ್ ಹಿಂದೆಯೇ ಬಿದ್ದೆ. ಕೆಂಪು ಹಳದಿ ಹೂವಿನ ಟ್ರಾಪಿಕಲ್ ಜಾತಿ. ಊರಲ್ಲೂ ನೀವು ನೋಡಿರುತ್ತೀರಿ, ಅಲ್ಲಿ ಪ್ಲೇನ್ ಟೈಗರ್ ಚಿಟ್ಟೆ ಅದರ ಮೇಲೆ ಮೊಟ್ಟೆ ಇಡುತ್ತದೆ. ಇಲ್ಲಿ ಒಂದು ಕುಂಡಕ್ಕೆ ಹತ್ತು ಹನ್ನೆರಡು ಡಾಲರ್. ಮಣ್ಣು, ಗೊಬ್ಬರ, ಡ್ರಿಪ್ ಪೈಪು ಸೇರಿ ನಾನೂರರ ಹತ್ತಿರ ಹೋಯಿತು. ಸೆಪ್ಟೆಂಬರ್‌ನಲ್ಲಿ ಹುಳುಗಳು ಬಂದವು, ಖುಷಿಯಾಯಿತು. ಆಮೇಲೆ ಒಂದೊಂದೇ ಸತ್ತು ಬಿದ್ದವು. ಕೊಂಡ ನರ್ಸರಿಯಲ್ಲೇ ಗಿಡಕ್ಕೆ ಕೀಟನಾಶಕ ಹಾಕಿದ್ದರೋ ಏನೋ, ಕೇಳಿದರೆ "ಗೊತ್ತಿಲ್ಲ" ಅಂದರು. ಉಳಿದ ಮೊಟ್ಟೆಗಳನ್ನು ಫೈರ್ ಆ್ಯಂಟ್ ಇರುವೆಗಳು ಹೊತ್ತೊಯ್ದವು. ಅದನ್ನೂ ದಾಟಿ ಹೊರಬಂದ ಚಿಟ್ಟೆಗಳಲ್ಲಿ ಕೆಲವಕ್ಕೆ ರೆಕ್ಕೆಯೇ ಬಿಚ್ಚಲಿಲ್ಲ. ಅದು ಓಇ ಅನ್ನುವ ಪರಾವಲಂಬಿ ತರುವ ರೋಗ. ಟ್ರಾಪಿಕಲ್ ಮಿಲ್ಕ್‌ವೀಡ್ ಇಲ್ಲಿ ಚಳಿ ಹೆಚ್ಚಿಲ್ಲದ ವರ್ಷ ಚಳಿಗಾಲಕ್ಕೂ ಹಸಿರಾಗಿರುತ್ತದೆ. ಹಾಗಾಗಿ ಆ ಪರಾವಲಂಬಿಯ ಬೀಜಕಣಗಳು ಎಲೆ ಮೇಲೆ ಸೇರುತ್ತಲೇ ಹೋಗುತ್ತವೆ. ಅಕ್ಟೋಬರ್‌ಗೆ ಮೊದಲೇ ಬುಡಕ್ಕೆ ಕತ್ತರಿಸಿ ಅಂತ ತಿಳಿದವರು ಹೇಳುವುದು ಅದಕ್ಕೇ.

ಇಷ್ಟೆಲ್ಲ ಆದಮೇಲೂ ವಲಸೆಯ ಚಿಟ್ಟೆಗಳು ಆ ಗಿಡವನ್ನು ತಿರುಗಿಯೂ ನೋಡಲಿಲ್ಲ. ಯಾಕೆ ನೋಡಬೇಕು ಹೇಳಿ? ಶರತ್ಕಾಲದ ಪೀಳಿಗೆ ಸಾಮಾನ್ಯವಾಗಿ ಕೂಡುವುದಿಲ್ಲ, ಮೊಟ್ಟೆ ಇಡುವುದಿಲ್ಲ. ಬೇಸಿಗೆಯ ಚಿಟ್ಟೆ ನಾಲ್ಕಾರು ವಾರ ಬದುಕಿದರೆ ಹೆಚ್ಚು, ಇವು ಎಂಟು ತಿಂಗಳು ಬದುಕಬೇಕು. ಮಾರ್ಚ್‌ವರೆಗೆ ಸಾಲುವಷ್ಟು ಕೊಬ್ಬು ಕೂಡಿಸಬೇಕು. ಅವಕ್ಕೆ ಬೇಕಿರುವುದು ಬಾಣಂತಿ ಮನೆಯಲ್ಲ, ದಾರಿ ಮೇಲಿನ ಖಾನಾವಳಿ.

ಸರಿ, ಹೂವಿಗೆ ಬಂದೆ. ಜಿನ್ನಿಯಾ ಪರವಾಗಿಲ್ಲ. ಟಿಥೋನಿಯಾ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ನಮ್ಮಲ್ಲಿ ಆಳೆತ್ತರ ಬೆಳೆದು ಮೊದಲ ಜೋರು ಗಾಳಿಗೇ ಮಲಗಿತು. ದಸರಾಗೂ ಆಗುತ್ತದೆ ಅಂತ ಚೆಂಡುಹೂ ಹಾಕಿದ್ದೆ, ಸ್ಕಿಪ್ಪರ್ ಅನ್ನುವ ಪುಟ್ಟ ಚಿಟ್ಟೆಗಳು ಬಂದವು ಅಷ್ಟೇ. ಗೆದ್ದದ್ದು ಎರಡೇ ಗಿಡ: ಗ್ರೆಗ್ಸ್ ಮಿಸ್ಟ್‌ಫ್ಲವರ್ ಮತ್ತು ಫ್ರಾಸ್ಟ್‌ವೀಡ್.

ಮಿಸ್ಟ್‌ಫ್ಲವರ್ ನಾಲ್ಕು ಕುಂಡ ತಂದಿದ್ದೆ, ಮೂವತ್ತು ಡಾಲರ್ ಆಗಿರಬೇಕು. ಎರಡನೇ ವರ್ಷ ಬೇಲಿ ಉದ್ದಕ್ಕೂ ಅದೇ. ಒಂದು ಎಚ್ಚರಿಕೆ. ಅದರ ಮೇಲೆ ಮುಗಿಬೀಳುವ ಕಿತ್ತಳೆ ಬಣ್ಣದ ಚಿಟ್ಟೆಗಳೆಲ್ಲ ಮೊನಾರ್ಕ್ ಅಲ್ಲ. ಜಾಸ್ತಿ ಪಾಲು ಮೊನಾರ್ಕ್‌ನ ನೆಂಟ ಕ್ವೀನ್ ಚಿಟ್ಟೆ, ಅದರಲ್ಲೂ ಗಂಡು. ಊರಲ್ಲಿ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಅನ್ನುವ ಕ್ರೋಟಲೇರಿಯಾ ಗಿಡಕ್ಕೆ ಬ್ಲೂ ಟೈಗರ್ ಗಂಡುಗಳು ಗುಂಪುಗಟ್ಟುತ್ತವಲ್ಲ, ಇಲ್ಲೂ ಅದೇ ಕಾರಣ. ಹೆಣ್ಣನ್ನು ಒಲಿಸುವ ವಾಸನೆ ತಯಾರಿಸಲು ಆ ಗಿಡದ ಆಲ್ಕಲಾಯ್ಡ್ ಅನ್ನುವ ರಾಸಾಯನಿಕ ಬೇಕು. ಮೊನಾರ್ಕ್ ಬರುವುದು ಬರೀ ಮಕರಂದಕ್ಕೆ. ಸಾವಿರಾರು ಮೊನಾರ್ಕ್ ಬಂದವು ಅಂತ ಫೋಟೊ ಹಾಕುವವರ ಚಿತ್ರವನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ, ಮಜಾ ಇರುತ್ತದೆ.

ಫ್ರಾಸ್ಟ್‌ವೀಡ್ ನೋಡಲು ಕಾಡುಕಳೆ. ಬಿಳಿ ಹೂ, ಒರಟು ಎಲೆ, ಮರದ ನೆರಳಲ್ಲೂ ಬೆಳೆಯುತ್ತದೆ. ನಾನು ಒಂದು ಪೈಸೆ ಕೊಟ್ಟಿಲ್ಲ, ಪರಿಚಯದವರ ಜಾಗದಿಂದ ಬೀಜ ಸಿಕ್ಕಿತು. ಆದರೆ ಬಡಾವಣೆಯ ಸಂಘದಿಂದ "ಕಳೆ ತೆಗೆಯಿರಿ" ಅಂತ ಪತ್ರ ಬಂತು. ನೀರು ಕಡಿಮೆ ಕೇಳುವ ಗಿಡಗಳ ತೋಟವನ್ನು ಇಂಥ ಸಂಘಗಳು ಸುಮ್ನೆ ನಿಷೇಧಿಸುವಂತಿಲ್ಲ ಅಂತ ಟೆಕ್ಸಾಸ್‌ನಲ್ಲಿ 2013ರ ಕಾನೂನಿದೆ. ಅದನ್ನು ಉತ್ತರದಲ್ಲಿ ಬರೆದೆ. ಜೊತೆಗೆ ಸುತ್ತ ಒಂದು ಸಾಲು ಸುಣ್ಣದಕಲ್ಲು ಜೋಡಿಸಿದೆ. ಕಲ್ಲಿಗೆ ಎಂಬತ್ತು ಡಾಲರ್ ಆಯಿತು. ಕಾನೂನಿಗಿಂತ ಕಲ್ಲೇ ಜಾಸ್ತಿ ಕೆಲಸ ಮಾಡಿದ್ದು ಅಂತ ನನ್ನ ಅನುಮಾನ. ಕಲ್ಲು ಕಟ್ಟಿದರೆ ಕಳೆಯೂ ತೋಟ ಆಗುತ್ತದೆ.

ಇವೆರಡಕ್ಕೂ ಬೇಸಿಗೆಯಲ್ಲಿ ಒಮ್ಮೆ ಕತ್ತರಿ ಹಾಕುತ್ತೇನೆ. ಆಗ ಹೂವು ಸರಿಯಾಗಿ ವಲಸೆಯ ಹೊತ್ತಿಗೇ ಬಿಡುತ್ತದೆ. ಯಾವ ವಾರ, ಎಷ್ಟು ಎತ್ತರಕ್ಕೆ ಅನ್ನೋದು ಮಾತ್ರ ಇಲ್ಲಿ ಬರೆಯುವುದಿಲ್ಲ. ಎರಡು ವರ್ಷ ಹೂವಿಲ್ಲದೆ ಕೂತು ಕಲಿತದ್ದು ಅದು.

ಹೂವು ಅರ್ಧ ಕೆಲಸ. ಉಳಿದರ್ಧ ಆಕಾಶ, ಅದನ್ನೇ ಯಾರೂ ನೋಡುವುದಿಲ್ಲ. ನಮ್ಮಲ್ಲಿ ಅಕ್ಟೋಬರ್ 10ರಿಂದ 25ರ ನಡುವೆ ಜೋರು. ದಕ್ಷಿಣದ ಗಾಳಿ ಬೀಸುತ್ತಿದ್ದರೆ ಮೇಲೆ ನೋಡುವುದು ದಂಡ, ಚಿಟ್ಟೆಗಳು ಕೆಳಗಿಳಿದು ಹೂವಲ್ಲಿ ಕೂತಿರುತ್ತವೆ. ಉತ್ತರದಿಂದ ತಂಪುಗಾಳಿ ನುಗ್ಗುವುದನ್ನು ಕಾಯಬೇಕು. ನುಗ್ಗಿದ ಮೊದಲ ದಿನ ಗಾಳಿ ವಿಪರೀತ. ಎರಡನೇ ದಿನ ನನ್ನ ದಿನ: ತಿಳಿ ಆಕಾಶ, ಹದವಾದ ಉತ್ತರದ ಗಾಳಿ. ಹವೆ 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಅವು ಸರಿಯಾಗಿ ಹಾರಲಾರವು, ಆದ್ದರಿಂದ ಹತ್ತು ಗಂಟೆಗೆ ಮುಂಚೆ ಏಳುವ ಅವಸರವೇನಿಲ್ಲ.

ಒರಗುವ ಕುರ್ಚಿ ಹಾಕಿ ಉತ್ತರಕ್ಕೆ ಮುಖ ಮಾಡಿ. ಬರೀ ನೀಲಿ ಆಕಾಶ ನೋಡಿದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ. ಪಕ್ಕದ ಮನೆಯ ಚಾವಣಿ ಅಂಚಿನ ಮೇಲೆ ಕಣ್ಣಿಟ್ಟು ಅಲ್ಲಿಂದ ಮೇಲಕ್ಕೆ ಹೋಗಬೇಕು. ಮೋಡದ ತುಣುಕಿದ್ದರೆ ಇನ್ನೂ ಒಳ್ಳೆಯದು. ಎರಡು ಸಲ ರೆಕ್ಕೆ ಬಡಿದು, ರೆಕ್ಕೆ ಮೇಲೆತ್ತಿ ತೇಲುವುದು ಮೊನಾರ್ಕ್. ಟರ್ಕಿ ವಲ್ಚರ್ ರಣಹದ್ದುಗಳು ಸುತ್ತುತ್ತಾ ಮೇಲೇರುತ್ತಿದ್ದರೆ ಅಲ್ಲಿಗೆ ಬೈನಾಕ್ಯುಲರ್ ಹಿಡಿಯಿರಿ. ಅದೇ ಬಿಸಿಗಾಳಿಯಲ್ಲಿ ಕಿತ್ತಳೆ ಚುಕ್ಕಿಗಳೂ ಮೇಲೇರುತ್ತಿರುತ್ತವೆ. ನನ್ನದು 8x42, ನೂರಾ ನಲವತ್ತು ಡಾಲರ್‌ದು, ಸಾಕು. ಐನೂರರದ್ದು ಬೇಕಿಲ್ಲ.

ಒಂದು ವರ್ಷ ಅತ್ತೆ ಊರಿಂದ ಬಂದಿದ್ದರು. "ಬಿಸಿಲಲ್ಲಿ ಸುಮ್ನೆ ಮಲಗೋ ಬದಲು ಹಪ್ಪಳನಾದ್ರೂ ಒಣಗಿಸ್ಬಾರದೇನೇ" ಅಂದರು. ಆಮೇಲೆ ಅವರ ಕಣ್ಣೇ ನನ್ನದಕ್ಕಿಂತ ಚುರುಕು ಅಂತ ಗೊತ್ತಾಯಿತು. ಅವರು ಹೇಳುವುದು, ನಾನು ಎಣಿಕೆಯ ಬಟನ್ ಒತ್ತುವುದು. ಒಳ್ಳೆಯ ದಿನ ಗಂಟೆಗೆ ನೂರೈವತ್ತು ಇನ್ನೂರು ದಾಟಿದ್ದುಂಟು. ಹಿಂದಿನ ವರ್ಷ ಇದೇ ಹಿತ್ತಲಲ್ಲಿ ಇಡೀ ತಿಂಗಳಿಗೆ ಇಪ್ಪತ್ತು ಕಂಡರೆ ದೊಡ್ಡದಾಗಿತ್ತು. ಚಿಟ್ಟೆ ಜಾಸ್ತಿಯಾಗಿತ್ತು ಅಂತ ತಿಳಿಯಬೇಡಿ. 2023-24ರ ಚಳಿಗಾಲದಲ್ಲಿ ಮೆಕ್ಸಿಕೋದಲ್ಲಿ ಅವು ತುಂಬಿದ್ದ ಕಾಡು 0.9 ಹೆಕ್ಟೇರ್ ಮಾತ್ರ. 1996-97ರಲ್ಲಿ 18ರ ಮೇಲಿತ್ತು. ನಮ್ಮಲ್ಲಿ ಬದಲಾದದ್ದು ನೋಡುವ ಜಾಗ, ಅಷ್ಟೇ.

ಸಂಜೆ ನಾಲ್ಕರ ಮೇಲೆ ಕುರ್ಚಿ ಬಿಟ್ಟು ಮರದ ಕಡೆ ತಿರುಗಿ. ಗಾಳಿ ತಾಕದ ದಕ್ಷಿಣದ ಕೊಂಬೆಗಳಲ್ಲಿ ರಾತ್ರಿಗೆ ಇಳಿಯುತ್ತವೆ. ನಮ್ಮ ಓಕ್‌ನಲ್ಲಿ ಒಮ್ಮೆ ನಲವತ್ತು ಐವತ್ತು ಕೂತಿದ್ದವು. ನದಿ ದಂಡೆಯ ಪಿಕಾನ್ ಮರಗಳೇ ಬೇಕು ಅನ್ನುತ್ತಿದ್ದವರಿಗೆ ಫೋಟೊ ಕಳಿಸಿದೆ, ಮರುದಿನ ಬೆಳಿಗ್ಗೆ ಮೂರು ಕಾರು ಮನೆ ಮುಂದೆ. ಎಲ್ಲರಿಗೂ ಉಪ್ಪಿಟ್ಟು ಮಾಡಿ ಹಾಕಿದೆ, ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ನಡುವೆ ಇನ್ನೂ ಕೆಲವು ಹುಚ್ಚು ಮಾಡಿದ್ದೇನೆ. 2017ರ ಅಕ್ಟೋಬರ್‌ನಲ್ಲಿ ಡೆನ್ವರ್‌ನ ಹವಾಮಾನ ರೇಡಾರ್‌ನಲ್ಲಿ ದೊಡ್ಡ ಗುಂಪೊಂದು ಕಂಡು, ಮೊದಲು ಹಕ್ಕಿ ಅಂದುಕೊಂಡು, ಆಮೇಲೆ ಪೇಂಟೆಡ್ ಲೇಡಿ ಚಿಟ್ಟೆ ಅಂತ ಗೊತ್ತಾಗಿತ್ತಲ್ಲ. ಅದನ್ನು ನೆನೆದು ದಿನಾ ರೇಡಾರ್ ನೋಡುತ್ತಾ ಕೂತೆ. ಸಂಜೆ ಹೂವಿನ ಹಾಗೆ ಅರಳಿದ್ದೆಲ್ಲ ಬಾವಲಿಗಳು. ಆಸ್ಟಿನ್ ಸುತ್ತ ಬಾವಲಿಗೇನು ಬರವೇ? ಆಕಾಶಕ್ಕೆ ಕ್ಯಾಮೆರಾ ಕಟ್ಟಿ ಚಲನೆ ಹಿಡಿಯುವ ಸಾಫ್ಟ್‌ವೇರ್ ಹಾಕಿದ್ದು ಇನ್ನೊಂದು. ಸಿಕ್ಕಿದ್ದು ವಿಮಾನ ಮತ್ತು ರಣಹದ್ದು. ಅರವತ್ತು ಡಾಲರ್ ನೀರಿಗೆ ಹೋಯಿತು. ಬಾಳೆಹಣ್ಣು ಕೊಳೆಸಿ, ಬಿಯರ್ ಬೆರೆಸಿ ತಟ್ಟೆಯಲ್ಲಿಟ್ಟೆ. ಮೊನಾರ್ಕ್ ಒಂದೂ ಇಳಿಯಲಿಲ್ಲ, ಆದರೆ ಹ್ಯಾಕ್‌ಬೆರಿ ಎಂಪರರ್ ಮತ್ತು ರೆಡ್ ಅಡ್ಮಿರಲ್ ಚಿಟ್ಟೆಗಳು ಬಂದು ತಟ್ಟೆ ಬಿಟ್ಟು ಏಳಲೇ ಇಲ್ಲ. ಬಿಯರ್ ಹಾಳು ಮಾಡಿದೆ ಅಂತ ನಮ್ಮನೆಯವರು ಇವತ್ತಿಗೂ ಹೇಳುತ್ತಾರೆ.

ಕಾನ್ಸಾಸ್‌ನ ಮೊನಾರ್ಕ್ ವಾಚ್ ಸಂಸ್ಥೆಯವರ ಸ್ಟಿಕರ್ ಟ್ಯಾಗ್ ಕೂಡ ತರಿಸಿ ಹಿಂರೆಕ್ಕೆಯ ಅಡಿಗೆ ಅಂಟಿಸಿದೆ. ನಮ್ಮದು ಒಂದೂ ಮೆಕ್ಸಿಕೋದಲ್ಲಿ ಸಿಕ್ಕಿದ ಸುದ್ದಿ ಬಂದಿಲ್ಲ. ನಮ್ಮಂಥವರು ಬೆರಳೆಣಿಕೆಯಷ್ಟು ಅಂಟಿಸಿ ಸುದ್ದಿಗೆ ಕಾಯುವುದು ದುರಾಸೆಯೇ. ಆದರೂ ಹತ್ತಿರದಿಂದ ಹಿಡಿದು ನೋಡುವ ನೆಪ ಚೆನ್ನಾಗಿದೆ. ಹಿಂರೆಕ್ಕೆಯ ನರದ ಮೇಲೆ ಕಪ್ಪು ಚುಕ್ಕೆ ಇದ್ದರೆ ಗಂಡು.

ನವೆಂಬರ್ ಮೊದಲ ವಾರದ ಹೊತ್ತಿಗೆ ನಮ್ಮಲ್ಲಿ ಬಹುಪಾಲು ಮುಗಿದಿರುತ್ತದೆ. ಮಿಲ್ಕ್‌ವೀಡ್ ಮೇಲೆ ಇಷ್ಟು ಸಿಟ್ಟು ತೋರಿಸಿದ ನಾನು ಅದನ್ನು ಬಿತ್ತುವುದು ಆಗಲೇ. ಮಾರ್ಚ್‌ನಲ್ಲಿ ಮೆಕ್ಸಿಕೋದಿಂದ ಹಿಂದಿರುಗುವ ಹೆಣ್ಣುಗಳಿಗೆ ಅದು ನಿಜವಾಗಿ ಬೇಕು. ಆದರೆ ಟ್ರಾಪಿಕಲ್ ಅಲ್ಲ, ಇಲ್ಲಿಯದೇ ಆ್ಯಂಟಿಲೋಪ್ ಹಾರ್ನ್ಸ್. ಬೀಜಕ್ಕೆ ಚಳಿ ತಾಗಬೇಕು, ಫ್ರಿಜ್‌ನಲ್ಲಿಡುವ ಬದಲು ನೇರ ಮಣ್ಣಿಗೆ ಹಾಕುತ್ತೇನೆ. ಐದಕ್ಕೆ ಒಂದು ಮೊಳೆತರೆ ಪುಣ್ಯ. ಬೇರು ಆಳಕ್ಕೆ ಇಳಿಯುತ್ತದೆ, ಕಿತ್ತು ನೆಟ್ಟರೆ ಸಾಯುತ್ತದೆ, ಆದ್ದರಿಂದ ಬೇಕಾದ ಜಾಗದಲ್ಲೇ ಬಿತ್ತಿ. ಒಂದು ಪೊಟ್ಟಣ ನಾಲ್ಕು ಡಾಲರ್. ಮೊದಲ ವರ್ಷ ಬೆರಳುದ್ದ ಬಂದರೆ ಬಂತು, ಅದಕ್ಕೆ ಗಾಬರಿಯಾಗಿ ನೀರು ಸುರಿಯಬೇಡಿ.