ಲಾನ್ ಮೇಲಿನ ಹಳದಿ ಬೋರ್ಡು ಏನು ಹೇಳತ್ತೆ: ನ್ಯೂಯಾರ್ಕ್ ರಾಜ್ಯದಲ್ಲಿ ಮನೆ ಮಾಡಿರೋ ಕನ್ನಡಿಗರಿಗೆ

ಏಪ್ರಿಲ್ ಬಂತು ಅಂದ್ರೆ ಲಾಂಗ್ ಐಲ್ಯಾಂಡ್ ಇರ್ಲಿ, ವೆಸ್ಟ್‌ಚೆಸ್ಟರ್ ಇರ್ಲಿ, ಆಲ್ಬನಿ ಕಡೆ ಇರ್ಲಿ, ಮನೆ ಮುಂದಿನ ಹುಲ್ಲಲ್ಲಿ ಸಣ್ಣ ಕಡ್ಡಿಗೆ ಸಿಗಿಸಿರೋ ಹಳದಿ ಬೋರ್ಡುಗಳು ಕಾಣಿಸಿಕೊಳ್ಳೋಕೆ ಶುರು ಆಗತ್ತೆ. ಹೊಸದಾಗಿ ಬಂದವರು ಎಷ್ಟೋ ಜನ ಅದನ್ನ ಲಾನ್ ಕಂಪನಿಯ ಜಾಹೀರಾತು ಅಂದ್ಕೊಂಡು ಮುಂದೆ ಹೋಗ್ತಾರೆ, ಮೂಲೇಲಿ ಕಂಪನಿ ಲೋಗೊ ಇರೋದೂ ಉಂಟಲ್ಲ, ಹಾಗಾಗಿ. ಆದ್ರೆ ಅದು ಜಾಹೀರಾತಲ್ಲ. ಇಲ್ಲಿ ಔಷಧಿ ಹೊಡೆದಿದೀವಿ, ಒಳಗೆ ಕಾಲಿಡಬೇಡಿ ಅಂತ ಕಾನೂನು ಪ್ರಕಾರ ಹಾಕಲೇಬೇಕಾದ ನೋಟಿಸು. ಈ ದೇಶದಲ್ಲಿ ಔಷಧಿ ಹೊಡೆಯೋದನ್ನ ಪೂರ್ತಿ ನಿಲ್ಲಿಸೋ ಕಾನೂನು ಕಡಿಮೆ, ಹೊಡೆಯೋದನ್ನ ಜನಕ್ಕೆ ತಿಳಿಸಬೇಕು ಅನ್ನೋ ಕಾನೂನು ಜಾಸ್ತಿ. ಅವರು ತಿಳಿಸಿ ಕೈ ತೊಳ್ಕೊಂಡ್ಮೇಲೆ ಹುಷಾರಾಗಿರೋದು ನಮ್ಮ ಕೆಲಸ, ಅದಕ್ಕೇ ಆ ನೋಟಿಸನ್ನ ಓದೋಕೆ ಬರಬೇಕು.

ಮೊದಲು ಒಂದು ವಿಷಯ ಗೊತ್ತಿರ್ಲಿ. ಊರಲ್ಲಿ ಕೀಟನಾಶಕ ಅಂದ್ರೆ ಹುಳಕ್ಕೆ ಹೊಡೆಯೋ ಔಷಧಿ ಅಂತ ಮಾತ್ರ ಅಂದ್ಕೋತೀವಿ. ಇಲ್ಲಿ ಪೆಸ್ಟಿಸೈಡ್ ಅನ್ನೋದ್ರಲ್ಲಿ ಕಳೆನಾಶಕ, ಶಿಲೀಂಧ್ರನಾಶಕ, ಇಲಿ ಪಾಷಾಣ ಎಲ್ಲಾ ಬರತ್ತೆ. ಅಂಗಡೀಲಿ ಗೊಬ್ಬರದ ಸಾಲಲ್ಲೇ ಇಟ್ಟಿರೋ ವೀಡ್ ಅಂಡ್ ಫೀಡ್ ಚೀಲ ಇದೆಯಲ್ಲ, ಅದೂ ಪೆಸ್ಟಿಸೈಡೇ, ಅದ್ರಲ್ಲಿ ಗೊಬ್ಬರದ ಜೊತೆ 2,4-ಡಿ ತರದ ಕಳೆನಾಶಕ ಬೆರೆಸಿರ್ತಾರೆ. ಬರೀ ಗೊಬ್ಬರವೋ ಔಷಧಿ ಬೆರೆತಿದ್ದೋ ಗೊತ್ತಾಗ್ಬೇಕು ಅಂದ್ರೆ ಚೀಲದ ಮೇಲೆ ಇಪಿಎ, ಅಂದ್ರೆ ಅಮೆರಿಕದ ಕೇಂದ್ರ ಪರಿಸರ ಸಂಸ್ಥೆ, ಕೊಟ್ಟಿರೋ ರೆಜಿಸ್ಟ್ರೇಷನ್ ನಂಬರ್ ಇದೆಯಾ ನೋಡಿ. ಇದ್ರೆ ಅದು ಪೆಸ್ಟಿಸೈಡ್ ಅಂತಲೇ ಲೆಕ್ಕ, ಮುಂದೆ ಹೇಳೋ ಕೆಲವು ವಿನಾಯ್ತಿ ಬಿಟ್ರೆ ಇಲ್ಲಿ ಹೇಳ್ತಿರೋ ರೂಲ್ಸ್ ಅದಕ್ಕೂ ಅನ್ವಯ.

ಈಗ ಬೋರ್ಡಿನ ವಿಷಯ. ದುಡ್ಡು ತಗೊಂಡು ಲಾನ್‌ಗೆ ಔಷಧಿ ಹೊಡೆಯೋ ಕಂಪನಿ ಕಡೇ ಪಕ್ಷ 4 ಇಂಚು 5 ಇಂಚು ಅಳತೆಯ ಬೋರ್ಡನ್ನ ಜಾಗದ ಸುತ್ತ ನೆಡಬೇಕು, ಕಡೇ ಪಕ್ಷ 24 ಗಂಟೆ ಅದನ್ನ ಯಾರೂ ಕೀಳಬಾರದು. ಈ 24 ಗಂಟೇನ ತುಂಬಾ ಜನ ತಪ್ಪಾಗಿ ತಿಳ್ಕೊಂಡಿದಾರೆ. ಅದು ಬೋರ್ಡು ಇರಬೇಕಾದ ಕನಿಷ್ಠ ಸಮಯ, ಔಷಧಿ ಮಾಯ ಆಗೋ ಸಮಯ ಅಲ್ಲ. ಬೋರ್ಡು ತೆಗೆದ ಮೇಲೂ ಎಲೆ ಮೇಲೆ ಮಣ್ಣಲ್ಲಿ ಔಷಧಿ ಇದ್ದೇ ಇರತ್ತೆ. ಓಡಾಡೋಕೆ ಪರವಾಗಿಲ್ಲ ಅಂತಾದ್ರೂ ಕಿತ್ತು ತಿನ್ನೋಕೆ ಅಲ್ಲ.

ಇದನ್ನ ಒತ್ತಿ ಹೇಳ್ತಿರೋದು ಯಾಕಂದ್ರೆ ನಮ್ಮ ಮನೆಗಳಿಗೆ ಬೇಸಿಗೇಲಿ ಅಪ್ಪ-ಅಮ್ಮ, ಅತ್ತೆ-ಮಾವ ಬರ್ತಾರೆ. ಬೆಳಿಗ್ಗೆ ವಾಕ್ ಹೋದವರ ಕಣ್ಣಿಗೆ ಮೊದಲು ಬೀಳೋದೇ ರಸ್ತೆ ಅಂಚಲ್ಲಿ ಸೊಂಪಾಗಿ ಹಬ್ಬಿರೋ ಗೋಣಿ ಸೊಪ್ಪು. "ಇಷ್ಟು ಒಳ್ಳೆ ಸೊಪ್ಪು ಬಿದ್ದಿದೆ, ಯಾರೂ ಕೀಳಲ್ವಲ್ಲೋ" ಅಂತ ಸೆರಗಲ್ಲೋ ಕವರಲ್ಲೋ ತುಂಬ್ಕೊಂಡು ಬಂದು ಮಧ್ಯಾಹ್ನಕ್ಕೆ ಹುಳಿ ಮಾಡ್ತಾರೆ. ಇಲ್ಲಿಯವರಿಗೆ ಅದು ಕಳೆ, ಲಾನ್ ಕಂಪನಿ ಹೊಡೆಯೋ ಔಷಧಿಗೆ ಗುರಿನೇ ಅದು. ಕೀರೆ ಸೊಪ್ಪಿನ ಜಾತಿದೂ ಅಷ್ಟೇ. ಔಷಧಿ ಬಿದ್ದ ಗಿಡ ಮೊದಲ ದಿನ ನೋಡೋಕೆ ಚೆನ್ನಾಗೇ ಇರತ್ತೆ, ಆಮೇಲೆ ನಿಧಾನವಾಗಿ ಕಾಂಡ ತಿರುಚಿಕೊಂಡು ಎಲೆ ಮುದುಡಿಕೊಂಡು ಬಗ್ಗಿ ಹೋಗತ್ತೆ, ಡ್ಯಾಂಡೆಲಿಯನ್ ಅನ್ನೋ ಹಳದಿ ಹೂವಿನ ಗಿಡದಲ್ಲಿ ಇದು ಚೆನ್ನಾಗಿ ಕಾಣತ್ತೆ, ಒಂದ್ಸಲ ಅಮ್ಮಂಗೆ ಕರ್ಕೊಂಡು ಹೋಗಿ ತೋರಿಸಿ, ಬಾಯಲ್ಲಿ ಹೇಳೋದಕ್ಕಿಂತ ಬೇಗ ಅರ್ಥ ಆಗತ್ತೆ. ಆದ್ರೆ ಹಾಗೆ ತಿರುಚಿಕೊಂಡಿಲ್ಲ ಅಂದ ಮಾತ್ರಕ್ಕೆ ಔಷಧಿ ಬಿದ್ದಿಲ್ಲ ಅಂತ ಅಲ್ಲ. ಗಣೇಶನ ಹಬ್ಬಕ್ಕೆ ಗರಿಕೆ ಕೀಳೋದೂ ಹೀಗೇ. ಹಬ್ಬ ಬೀಳೋದು ಆಗಸ್ಟ್ ಕೊನೆ ಸೆಪ್ಟೆಂಬರಲ್ಲಿ, ಲಾನಿನ ಕಳೆಗೆ ಔಷಧಿ ಹೊಡೆಯೋಕೆ ಒಳ್ಳೆ ಕಾಲ ಅಂತ ಇಲ್ಲಿಯವರು ಹೇಳೋದೂ ಸೆಪ್ಟೆಂಬರನ್ನೇ. ಪಾರ್ಕಲ್ಲೋ ಪಕ್ಕದ ಮನೆ ಅಂಚಲ್ಲೋ ಕಿತ್ತ ಹುಲ್ಲನ್ನ ದೇವರ ಮುಂದೆ ಇಟ್ಟು ಅದೇ ಕೈಯಲ್ಲಿ ಮಕ್ಕಳಿಗೆ ಪ್ರಸಾದ ಕೊಡ್ತೀವಿ. ದಯವಿಟ್ಟು ಒಂದು ಕುಂಡದಲ್ಲಿ ನೀವೇ ಗರಿಕೆ ಬೆಳೆಸಿ, ಬಹಳ ಸುಲಭ. ಹಾಗೇ ಮಕ್ಕಳು ಬರಿಗಾಲಲ್ಲಿ ಯಾರ ಹುಲ್ಲಲ್ಲಿ ಓಡಾಡಿದ್ರು ಅಂತ ನೋಡ್ಕೊಳ್ಳಿ, ಬೋರ್ಡಿರೋ ಲಾನ್ ಅಂಚಲ್ಲಿ ನಡ್ಕೊಂಡು ಬಂದ ಚಪ್ಪಲಿ ಬಾಗಿಲ ಹೊರಗೇ ಬಿಡೋದು ನಮಗೆ ಹೇಗೂ ರೂಢಿ ಇದೆ, ಅದನ್ನ ಇಲ್ಲಿ ಬಂದು ಮರೀಬೇಡಿ.

ಇನ್ನು ಪಕ್ಕದ ಮನೆಯವರು ಹೊಡೆಸೋದಾದ್ರೆ? ಇದಕ್ಕೆ ನೇಬರ್ ನೋಟಿಫಿಕೇಷನ್ ಅನ್ನೋ ಕಾನೂನಿದೆ, ರಾಜ್ಯದಲ್ಲಿ 2000ನೇ ಇಸವೀಲಿ ಪಾಸಾಗಿದ್ದು. ವಿಶೇಷ ಏನಂದ್ರೆ ಇದು ಇಡೀ ರಾಜ್ಯಕ್ಕೆ ತಾನಾಗೇ ಅನ್ವಯ ಆಗಲ್ಲ, ಒಪ್ಪಿಕೊಂಡ ಕೌಂಟಿಗಳಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಮಾತ್ರ. ನಾಸೌ, ಸಫೊಕ್, ವೆಸ್ಟ್‌ಚೆಸ್ಟರ್, ರಾಕ್‌ಲ್ಯಾಂಡ್, ಆಲ್ಬನಿ, ರೋಚೆಸ್ಟರ್ ಇರೋ ಮನ್ರೋ, ಇಥಾಕಾ ಇರೋ ಟಾಂಪ್ಕಿನ್ಸ್, ನ್ಯೂಯಾರ್ಕ್ ನಗರ ಇವೆಲ್ಲ ಒಪ್ಪಿಕೊಂಡಿವೆ, ಅಂದ್ರೆ ನಮ್ಮವರು ಹೆಚ್ಚಾಗಿ ಇರೋ ಜಾಗಗಳು ಬಹುತೇಕ ಬಂದವು. ಈ ಕೌಂಟಿಗಳಲ್ಲಿ ಕಂಪನಿಯವರು ಔಷಧಿ ಹೊಡೆಯೋ ಜಾಗದಿಂದ 150 ಅಡಿ ಒಳಗಿರೋ ಮನೆಯವರಿಗೆ ಕಡೇ ಪಕ್ಷ 48 ಗಂಟೆ ಮುಂಚೆ ಬರವಣಿಗೇಲಿ ತಿಳಿಸಬೇಕು. ಬಾಗಿಲಿಗೆ ಸಿಗಿಸಿ ಹೋಗೋ ಆ ಚೀಟೀನ ಪಿಜ್ಜಾ ಕೂಪನ್ ಜೊತೆ ಬಿಸಾಕಬೇಡಿ. ಅದ್ರಲ್ಲಿ ಯಾವ ವಿಳಾಸದಲ್ಲಿ ಹೊಡೀತಾರೆ, ಯಾವ ದಿನ, ಮಳೆ ಬಂದ್ರೆ ಬದಲಿ ಎರಡು ದಿನ ಯಾವುದು, ಔಷಧಿ ಹೆಸರೇನು, ಇಪಿಎ ನಂಬರ್ ಏನು, ಕಂಪನಿ ಫೋನ್ ನಂಬರ್ ಏನು ಎಲ್ಲಾ ಇರತ್ತೆ. ಬದಲಿ ದಿನಗಳನ್ನ ಜನ ನೋಡೋದೇ ಇಲ್ಲ. ಮಂಗಳವಾರ ಮಳೆ ಬಂತು, ಹೊಡೀಲಿಲ್ಲ, ಮುಗೀತು ಅಂದ್ಕೊಂಡು ಗುರುವಾರ ಬಟ್ಟೆ ಹೊರಗೆ ಒಣಗಿ ಹಾಕಿರ್ತಾರೆ, ಗುರುವಾರವೇ ಬದಲಿ ದಿನ ಆಗಿರತ್ತೆ. ಮೂರೂ ದಿನ ಫೋನಿನ ಕ್ಯಾಲೆಂಡರಿಗೆ ಹಾಕ್ಕೊಳ್ಳಿ.

ಈ ಚೀಟಿ ಬಂತು ಅಂತ ಅವರನ್ನ ತಡೆಯೋ ಹಕ್ಕು ನಿಮಗೆ ಬರಲ್ಲ, ಅವರ ಜಾಗ ಅವರಿಷ್ಟ. ನಿಮಗೆ ಸಿಗೋದು ತಯಾರಾಗೋಕೆ 48 ಗಂಟೆ. ಆ ದಿನ ಆ ಕಡೆ ಕಿಟಕಿ ಮುಚ್ಚಿ, ಮಕ್ಕಳ ಆಟದ ಸಾಮಾನು, ನಾಯಿ ನೀರಿನ ಬಟ್ಟಲು, ಬಿಸಿಲಿಗಿಟ್ಟ ಹಪ್ಪಳ ಸಂಡಿಗೆ, ತುಳಸಿ ಕುಂಡ ಒಳಗೆ ತನ್ನಿ, ಬೇಲಿ ಪಕ್ಕ ಮೆಂತ್ಯ ದಂಟು ಹಾಕಿದ್ರೆ ಒಂದು ಹಳೇ ಬೆಡ್‌ಶೀಟ್ ಹೊದಿಸಿ. ಮನೇಲಿ ಆಸ್ತಮಾ ಇರೋರು, ಬಸುರಿ ಹೆಂಗಸರು, ಅಂಬೆಗಾಲಿಡೋ ಮಗು ಇದ್ರೆ ಪಕ್ಕದ ಮನೆಯವರಿಗೆ ಹೋಗಿ ಹೇಳಿ, ಗಾಳಿ ಇಲ್ದಿರೋ ಹೊತ್ತಲ್ಲಿ ಹೊಡೆಸಿ, ಬೇಲಿ ಹತ್ರ ಬೇಡ ಅಂತ ಕೇಳ್ಕೊಂಡ್ರೆ ಒಪ್ಪೋರು ಇದಾರೆ. ಕಾನೂನಿಗಿಂತ ಮೊದಲು ಮಾತು ಕೆಲಸ ಮಾಡತ್ತೆ. ಇನ್ನೊಂದು, ಎಲ್ಲದಕ್ಕೂ ಈ ಚೀಟಿ ಬರಲ್ಲ. ಹರಳು ರೂಪದ ಔಷಧಿ ಚೆಲ್ಲಿದ್ರೆ, ಮರಕ್ಕೆ ಇಂಜೆಕ್ಷನ್ ಮಾಡಿದ್ರೆ, ಕೈಯಲ್ಲಿ ಹಿಡಿಯೋ ಸಣ್ಣ ಬಾಟ್ಲಿಯಿಂದ 9 ಚದರ ಅಡಿಗಿಂತ ಕಡಿಮೆ ಜಾಗಕ್ಕೆ ಹೊಡೆದ್ರೆ ವಿನಾಯ್ತಿ ಇದೆ. ಅಪಾರ್ಟ್‌ಮೆಂಟು ಕಾಂಡೊಗಳಲ್ಲಿ ಚೀಟಿ ಓನರಿಗೋ ಮ್ಯಾನೇಜ್‌ಮೆಂಟಿಗೋ ಹೋಗತ್ತೆ, ಎಲ್ಲರಿಗೂ ಕಾಣೋ ಜಾಗದಲ್ಲಿ ಅವರು ಅಂಟಿಸಬೇಕು. ಟಪಾಲು ಪೆಟ್ಟಿಗೆ ಹತ್ರ ಇರೋ ಆ ನೋಟಿಸ್ ಬೋರ್ಡಿನ ಕಡೆ ವಾರಕ್ಕೊಂದ್ಸಲ ಕಣ್ಣು ಹಾಯಿಸಿ.

ನೀವೇ ಮನೆ ತಗೊಂಡು ಲಾನ್ ಸರ್ವೀಸ್ ಇಟ್ಕೋತೀರಾ? ಹಾಗಾದ್ರೆ ಔಷಧಿ ಹೊಡೆಯೋಕೆ ಮುಂಚೆ ಬರವಣಿಗೇಲಿ ಕಾಂಟ್ರಾಕ್ಟ್ ಆಗಬೇಕು. ಎಷ್ಟು ಸಲ ಹೊಡೀತಾರೆ, ಹೆಚ್ಚುಕಮ್ಮಿ ಯಾವ ತಾರೀಖು, ಒಟ್ಟು ಎಷ್ಟು ದುಡ್ಡು ಅಂತ ಅದ್ರಲ್ಲಿರಬೇಕು, ಯಾವ ಔಷಧಿ, ಅದರ ಲೇಬಲ್ ಮೇಲೆ ಏನು ಎಚ್ಚರಿಕೆ ಇದೆ ಅಂತಲೂ ಕೊಡಬೇಕು. ಫೋನಲ್ಲಿ "ನಾಳೆ ಬಂದು ಹೊಡೆದು ಹೋಗ್ತೀವಿ ಸರ್" ಅನ್ನೋರಿಗೆ ಮೊದಲು ಕಾಗದ ಕಳಿಸಿ ಅನ್ನಿ. ಅದಕ್ಕಿಂತ ದೊಡ್ಡ ವಿಷಯ ಲೈಸೆನ್ಸು. ವಾರವಾರ ಬಂದು ಹುಲ್ಲು ಕತ್ತರಿಸೋನು "ಒಂದಿಪ್ಪತ್ತು ಡಾಲರ್ ಕೊಡಿ, ಕಳೆಗೂ ಹೊಡೆದುಬಿಡ್ತೀನಿ" ಅಂತಾನೆ. ಹುಲ್ಲು ಕತ್ತರಿಸೋಕೆ ಪೆಸ್ಟಿಸೈಡ್ ಲೈಸೆನ್ಸ್ ಬೇಕಿಲ್ಲ, ಆದ್ರೆ ದುಡ್ಡು ತಗೊಂಡು ಬೇರೆಯವರ ಜಾಗದಲ್ಲಿ ಔಷಧಿ ಹೊಡೆಯೋಕೆ ಬೇಕೇ ಬೇಕು, ಆ ಬಾಟ್ಲಿ ಹೋಮ್ ಡಿಪೋದಲ್ಲಿ ಯಾರು ಬೇಕಾದ್ರೂ ಕೊಳ್ಳೋದೇ ಆಗಿದ್ರೂ ಸರಿ. ಲೈಸೆನ್ಸ್ ಕೊಡೋದು ರಾಜ್ಯದ ಪರಿಸರ ಇಲಾಖೆ, ಡಿಇಸಿ ಅಂತಾರೆ. ಕಾರ್ಡ್ ತೋರಿಸಿ ಅಂತ ಕೇಳೋಕೆ ಸಂಕೋಚ ಬೇಡ. ಆ ಹುಡುಗರ ಮೇಲೆ ನಂಗೇನೂ ಕೋಪ ಇಲ್ಲ, ಬಿಸಿಲಲ್ಲಿ ದುಡಿಯೋರು, ಆದ್ರೆ ಗ್ಲೌಸ್ ಇಲ್ದೆ ತರಬೇತಿ ಇಲ್ದೆ ಹೊಡೆದ್ರೆ ಮೊದಲು ವಿಷ ಹತ್ತೋದು ಅವರ ಮೈಗೇ.

ನಾವೇ ಹೊಡ್ಕೋತೀವಿ ಅನ್ನೋರಿಗೆ ಲೈಸೆನ್ಸ್ ಬೇಡ, ಆದ್ರೆ ರೂಲ್ಸ್ ಇಲ್ಲ ಅಂತಲ್ಲ. ಮೇಲೆ ಹೇಳಿದ ಕೌಂಟಿಗಳಲ್ಲಿ 100 ಚದರ ಅಡಿಗಿಂತ ಜಾಸ್ತಿ ಜಾಗಕ್ಕೆ ಹೊಡೆದ್ರೆ ನೀವೂ ಬೋರ್ಡು ನೆಡಬೇಕು. 100 ಚದರ ಅಡಿ ಅಂದ್ರೆ ಹತ್ತಡಿಗೆ ಹತ್ತಡಿ ಅಷ್ಟೇ, ಮುಂದಿನ ಲಾನ್ ಪೂರ್ತಿ ಮಾಡಿದ್ರೆ ದಾಟೇ ದಾಟತ್ತೆ. ಮತ್ತೆ ಅಮೆರಿಕದಲ್ಲಿ ಎಲ್ಲಾ ಕಡೆ ಲೇಬಲ್ಲೇ ಕಾನೂನು: ಲೇಬಲ್ಲಲ್ಲಿ ಬರೆದಿದ್ದಕ್ಕೆ ವಿರುದ್ಧವಾಗಿ ಬಳಸೋದು ಫೆಡರಲ್ ಕಾನೂನಿನ ಉಲ್ಲಂಘನೆ ಅಂತ ಪ್ರತಿ ಡಬ್ಬಿ ಮೇಲೂ ಅಚ್ಚಾಗಿರತ್ತೆ. ಒಂದು ಮುಚ್ಚಳ ಅಂದ್ರೆ ಒಂದು ಮುಚ್ಚಳ, ಚೆನ್ನಾಗಿ ಸಾಯ್ಲಿ ಅಂತ ಎರಡು ಹಾಕೋ ಹಾಗಿಲ್ಲ. ಊರಲ್ಲಿ ತೋಟ ಇರೋರಿಗೆ ಡಬ್ಬಿ ಮೇಲಿನ ತ್ರಿಕೋನ ಗೊತ್ತಿರತ್ತೆ, ಕೆಂಪು ಅಂದ್ರೆ ಭಯಂಕರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಇಲ್ಲಿ ಆ ಬಣ್ಣ ಹುಡುಕಬೇಡಿ, ಪದ ನೋಡಿ. ಡೇಂಜರ್ ಅಂದ್ರೆ ಅತಿ ಅಪಾಯ, ವಾರ್ನಿಂಗ್ ಅದಕ್ಕಿಂತ ಕಡಿಮೆ, ಕಾಷನ್ ಇನ್ನೂ ಕಡಿಮೆ. ಹಸಿರು ಬಣ್ಣದ ಬಾಟ್ಲಿ, ಮೇಲೆ ಹೂವಿನ ಚಿತ್ರ ಇದೆ ಅಂತ ಸೌಮ್ಯ ಅಂದ್ಕೋಬೇಡಿ, ಅದು ಬರೀ ಪ್ಯಾಕಿಂಗು. ವೀಡ್ ಅಂಡ್ ಫೀಡ್ ಹಾಕಿದ ಲಾನಿನ ಕತ್ತರಿಸಿದ ಹುಲ್ಲನ್ನ ಟೊಮೆಟೊ ಬದನೆ ಬುಡಕ್ಕೆ ಹೊದಿಸೋಕೂ ಹೋಗ್ಬೇಡಿ.

ಲಾಂಗ್ ಐಲ್ಯಾಂಡ್‌ನವರಿಗೆ ಒಂದು ಮಾತು ಹೆಚ್ಚಿಗೆ. ಅಲ್ಲಿ ಕುಡಿಯೋ ನೀರು ಬರೋದು ಕಾಲ ಕೆಳಗಿನ ಮರಳು ಮಣ್ಣಿನ ಅಂತರ್ಜಲದಿಂದ, ಲಾನ್ ಮೇಲೆ ಸುರಿದದ್ದು ಇಳಿದು ಹೋಗೋದು ಅಲ್ಲಿಗೇ. ಅದಕ್ಕೇ ಕೆಲವು ಉತ್ಪನ್ನಗಳ ಮೇಲೆ ನಾಸೌ ಮತ್ತು ಸಫೊಕ್ ಕೌಂಟಿಗಳಲ್ಲಿ ಮಾರೋ ಹಾಗೂ ಇಲ್ಲ ಬಳಸೋ ಹಾಗೂ ಇಲ್ಲ ಅಂತ ಬರೆದಿರತ್ತೆ. ಬೇರೆ ರಾಜ್ಯದಲ್ಲಿ ಅಗ್ಗಕ್ಕೆ ಸಿಕ್ತು ಅಂತ ಡಿಕ್ಕೀಲಿ ಹಾಕ್ಕೊಂಡು ಬರೋ ಮುಂಚೆ ಆ ಸಾಲು ಹುಡುಕಿ. ಊರಿಂದ ಸೂಟ್‌ಕೇಸಲ್ಲಿ ತರೋ ಔಷಧಿ ಅಂತೂ ಬೇಡವೇ ಬೇಡ, ಜಿರಳೆ ಇರುವೆಗೆ ಗೆರೆ ಎಳೆಯೋ ಚಾಕ್ ಇಲ್ಲಿ ಕಾನೂನುಬಾಹಿರ, ಬಳಪದ ಕಡ್ಡಿ ತರ ಕಾಣೋದ್ರಿಂದ ಮಕ್ಕಳ ಕೈಗೆ ಸಿಕ್ಕಿ ಬಾಯಿಗೆ ಹೋಗತ್ತೆ. ಬೇವಿನೆಣ್ಣೇನೂ ಅಷ್ಟೇ, ಇಂಡಿಯನ್ ಸ್ಟೋರಲ್ಲಿ ತಲೆಗೆ ಮೈಗೆ ಅಂತ ಮಾರೋದು ಬೇರೆ, ಗಿಡಕ್ಕೆ ಅಂತ ಇಪಿಎ ನಂಬರ್ ಹಾಕಿ ಮಾರೋದು ಬೇರೆ, ಗಿಡಕ್ಕೆ ಎರಡನೇದನ್ನೇ ತಗೊಳ್ಳಿ.

ಶಾಲೆ ವಿಷಯದಲ್ಲಿ ಈ ರಾಜ್ಯ ನಿಜಕ್ಕೂ ಒಳ್ಳೆ ಕೆಲಸ ಮಾಡಿದೆ. 2010ರ ಕಾನೂನು ಪ್ರಕಾರ ಶಾಲೆ ಮತ್ತು ಡೇಕೇರ್‌ಗಳ ಆಟದ ಮೈದಾನ, ಹುಲ್ಲುಹಾಸಿಗೆ ಸಾಮಾನ್ಯ ಪೆಸ್ಟಿಸೈಡ್ ಹೊಡೆಯೋ ಹಾಗೇ ಇಲ್ಲ, ತುರ್ತು ಅಂದಾಗ ಮಾತ್ರ ಅನುಮತಿ ತಗೊಂಡು. ಕಟ್ಟಡದ ಒಳಗೆ ಹೊಡೆಯೋದಿದ್ರೆ 48 ಗಂಟೆ ಮುಂಚೆ ತಿಳಿಸೋ ಪಟ್ಟಿಗೆ ಹೆಸರು ಕೊಡಬಹುದು. ಸೆಪ್ಟೆಂಬರಲ್ಲಿ ಮಗು ತರೋ ಕಾಗದದ ಕಂತೇಲಿ ಆ ವಿವರ ಇರತ್ತೆ, ಹೆಸರು ಕೊಟ್ಟವರಿಗೆ ಮಾತ್ರ ಮುಂಚೆ ತಿಳಿಸ್ತಾರೆ, ಆದ್ರಿಂದ ಕೊಡಿ.

ನಯಾಗರಾ ಆಚೆ ದಡದಲ್ಲಿ ನೆಂಟರಿದ್ರೆ ಒಂದು ವ್ಯತ್ಯಾಸ ಗೊತ್ತಿರ್ಲಿ. ಕೆನಡಾದ ಒಂಟಾರಿಯೊದಲ್ಲಿ 2009ರ ಏಪ್ರಿಲ್ 22ರಿಂದ ಬರೀ ಅಂದಕ್ಕೋಸ್ಕರ ಲಾನ್‌ಗೆ ಪೆಸ್ಟಿಸೈಡ್ ಹೊಡೆಯೋದೇ ನಿಷೇಧ, 2,4-ಡಿ ಕೂಡ ಸೇರಿ. ಗಾಲ್ಫ್ ಮೈದಾನ, ಬೇಸಾಯ, ಆರೋಗ್ಯಕ್ಕೆ ಅಪಾಯ ಇರೋ ಸಂದರ್ಭ ಇಂಥದ್ದಕ್ಕೆ ವಿನಾಯ್ತಿ ಇದೆ. ಬಫಲೋದಲ್ಲಿ ಕೊಂಡ ಚೀಲ ಮಿಸ್ಸಿಸ್ಸಾಗಾದ ಅಣ್ಣನ ಮನೆಗೆ ಒಯ್ಯೋಕೆ ಹೋಗ್ಬೇಡಿ. ನನ್ನ ಕೇಳಿದ್ರೆ ಒಂಟಾರಿಯೊದವರ ದಾರಿನೇ ಸರಿ, ಹುಲ್ಲಲ್ಲಿ ನಾಕು ಹಳದಿ ಹೂವು ಇದ್ರೆ ಏನೂ ಮುಳುಗಿ ಹೋಗಲ್ಲ.

ಯಾರೋ ಹೊಡೆದದ್ದು ಗಾಳೀಲಿ ತೇಲಿ ನಿಮ್ಮ ಅಂಗಳಕ್ಕೆ ಬಂತು ಅಂದ್ರೆ ಮೈ ಮೇಲೆ ಬಿದ್ದಿದ್ರೆ ಮೊದಲು ಬಟ್ಟೆ ತೆಗೆದು ಸೋಪು ನೀರಲ್ಲಿ ತೊಳ್ಕೊಳ್ಳಿ, ಕಣ್ಣಿಗೆ ಬಿದ್ದಿದ್ರೆ ನಲ್ಲಿ ನೀರಲ್ಲಿ ಹದಿನೈದು ಇಪ್ಪತ್ತು ನಿಮಿಷ ತೊಳೀರಿ. ಆಮೇಲೆ ಪಾಯ್ಸನ್ ಕಂಟ್ರೋಲ್‌ಗೆ, ಅಂದ್ರೆ ವಿಷ ತಾಗಿದಾಗ ಏನು ಮಾಡ್ಬೇಕು ಅಂತ ಹೇಳೋ ಸಹಾಯವಾಣಿಗೆ ಫೋನ್ ಮಾಡಿ, 1-800-222-1222, ಹಗಲು ರಾತ್ರಿ ಯಾವಾಗ ಬೇಕಾದ್ರೂ. ಉಸಿರು ಕಟ್ಟಿದ್ರೆ, ಪ್ರಜ್ಞೆ ತಪ್ಪಿದ್ರೆ ಕಾಯಬೇಡಿ, ನೇರ 911. ಬರೀ ಔಷಧಿ ಬಗ್ಗೆ ತಿಳ್ಕೋಬೇಕು ಅಂದ್ರೆ ರಾಷ್ಟ್ರೀಯ ಪೆಸ್ಟಿಸೈಡ್ ಮಾಹಿತಿ ಕೇಂದ್ರ, 1-800-858-7378, ಇದೇ ನಂಬರ್ ಬಾಗಿಲ ಚೀಟೀಲೂ ಇರತ್ತೆ. ದೂರು ಕೊಡೋದಾದ್ರೆ ಡಿಇಸಿಯ ನಿಮ್ಮ ಪ್ರಾದೇಶಿಕ ಆಫೀಸಿಗೆ, ಅದೂ ಅವತ್ತೇ, ಯಾಕಂದ್ರೆ ದಿನ ಕಳೆದ ಹಾಗೆ ಎಲೆ ಮೇಲಿನ ಸಾಕ್ಷಿ ಹೋಗತ್ತೆ. ಗಾಡಿ, ಬೋರ್ಡು, ಬಾಡಿದ ಗಿಡ ಎಲ್ಲದರ ಫೋಟೋ ತೆಗೀರಿ, ಗಾಳಿ ಯಾವ ಕಡೆಯಿಂದ ಬೀಸ್ತಿತ್ತು, ಟೈಮ್ ಎಷ್ಟಾಗಿತ್ತು ಬರೆದಿಡಿ, ಮತ್ತೆ ಅವರು ಬಂದು ನೋಡೋ ತನಕ ಆ ಗಿಡ ಕೀಳಬೇಡಿ.